ವಿಯರ್‌ಡೇಲಿನ ಹಸಿರು ಹರಳು

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಪೆನೈನ್ ಬೆಟ್ಟಸಾಲಿನಿಂದ ಪೂರ್ವಕ್ಕೆ ಇಳಿದು ಬರುವ ವಿಯರ್ ನದಿಯ ಮೇಲ್ಕಣಿವೆಗೆ ವಿಯರ್‌ಡೇಲ್ ಎಂದು ಹೆಸರು. ಡರಹಮ್ ಸೀಮೆಗೆ ಸೇರಿದ ಈ ಕಣಿವೆ ಶತಮಾನಗಳ ಕಾಲ ಸೀಸದ ಗಣಿಗಳ ನಾಡಾಗಿತ್ತು. ಇಂದು ಅಲ್ಲಿ ಸೀಸ ತೆಗೆಯುವವರು ಯಾರೂ ಇಲ್ಲ. ಆದರೆ ಜಗತ್ತಿನ ದೊಡ್ಡ ಖನಿಜ ಸಂಗ್ರಹಾಲಯಗಳ ಕಪಾಟುಗಳಲ್ಲಿ ವಿಯರ್‌ಡೇಲಿನ ಹೆಸರು ಹೊತ್ತ ಹಸಿರು, ನೇರಳೆ, ಜೇನುಬಣ್ಣದ ಹರಳುಗಳು ಇಂದಿಗೂ ಇವೆ. ಇವು ಫ್ಲೋರೈಟ್ ಎಂಬ ಖನಿಜದ ಹರಳುಗಳು. ಕಣಿವೆಯಲ್ಲಿ ಈ ಕಲ್ಲಿಗೆ ಬೆಲೆಯೇ ಇರದಿದ್ದ ಕಾಲದಲ್ಲಿ ಅದರ ಚೆಲುವಾದ ಹರಳುಗಳನ್ನು ಸಾಮಾನ್ಯ ಗಣಿಗಾರರು ಮನೆಗೆ ಹೊತ್ತು ತಂದು ಉಳಿಸಿದರು. ಬೆಲೆ ಬಂದ ಮೇಲೆ ಅಂಥದೇ ಹರಳುಗಳು ಬಂಡಿಗಟ್ಟಲೆ ಪುಡಿಯಾಗಿ ಕುಲುಮೆ ಸೇರಿದವು. ಫ್ಲೋರೈಟ್ ಸಂಗ್ರಹದ ಇತಿಹಾಸವನ್ನು ಬರೆಯುವವರು ಶ್ರೀಮಂತ ಸಂಗ್ರಾಹಕರ ಹೆಸರುಗಳಿಗೆ ಕೊಡುವ ಗಮನವನ್ನು ಈ ಗಣಿಗಾರರಿಗೂ ಕೊಡಬೇಕಾದದ್ದು ನ್ಯಾಯ.

ಫ್ಲೋರೈಟ್ ಎಂದರೆ ಕ್ಯಾಲ್ಸಿಯಂ ಮತ್ತು ಫ್ಲೋರಿನ್ ಎರಡೇ ಮೂಲವಸ್ತುಗಳು ಕೂಡಿ ಆದ ಖನಿಜ. ಶುದ್ಧವಾಗಿದ್ದರೆ ಅದಕ್ಕೆ ಬಣ್ಣವಿಲ್ಲ. ಹರಳಿನ ಜೋಡಣೆಯಲ್ಲಿನ ಸಣ್ಣ ದೋಷಗಳಿಂದಲೂ ಅದರೊಳಗೆ ಬೆರೆತ ಅತ್ಯಲ್ಪ ಪ್ರಮಾಣದ ಅನ್ಯ ಧಾತುಗಳಿಂದಲೂ ಅದು ಬಗೆಬಗೆಯ ಬಣ್ಣ ತಳೆಯುತ್ತದೆ. ಅದು ಹೆಚ್ಚಾಗಿ ದಾಳದಂತೆ ಆರು ಚೌಕ ಮುಖಗಳ ಘನಾಕೃತಿಯಲ್ಲಿ ಬೆಳೆಯುತ್ತದೆ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಅದರ ಸ್ಥಾನ 4, ಅಂದರೆ ಚಾಕುವಿನ ಮೊನೆಗೆ ಗೀರು ಬೀಳುವಷ್ಟು ಮೃದು. ಅದರ ಜೊತೆಗೆ ನಾಲ್ಕು ದಿಕ್ಕುಗಳಲ್ಲಿ ನುಣ್ಣಗೆ ಸೀಳುವ ಗುಣವೂ ಇರುವುದರಿಂದ, ಒಂದು ತಪ್ಪು ಪೆಟ್ಟು ಬಿದ್ದರೆ ದಾಳದ ಮೂಲೆ ತ್ರಿಕೋನಾಕಾರವಾಗಿ ಹಾರಿಹೋಗುತ್ತದೆ. ತಣ್ಣನೆಯ ಹರಳನ್ನು ಬಿಸಿ ನೀರಿಗೆ ಹಾಕಿದರೂ ಬಿರುಕು ಬಿಡುತ್ತದೆ. ಹರಿಯುವುದು ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಅದರ ಹೆಸರು ಹುಟ್ಟಿತು. ಅದಿರಿನ ಜೊತೆ ಕುಲುಮೆಗೆ ಹಾಕಿದರೆ ಕಲ್ಮಶವನ್ನು ತೆಳುವಾಗಿ ಹರಿಯುವಂತೆ ಮಾಡುವ ಅದರ ಗುಣವನ್ನು 16ನೆಯ ಶತಮಾನದ ಜರ್ಮನ್ ವಿದ್ವಾಂಸ ಗಿಯೋರ್ಗ್ ಅಗ್ರಿಕೋಲಾ ಬರೆದಿಟ್ಟಿದ್ದಾನೆ. ಕೋಲಾರ, ಪಾವಗಡದ ಕಡೆಯ ಕೊಳವೆಬಾವಿಗಳ ನೀರಿನಲ್ಲಿ ಸೇರಿ ಹಲ್ಲು ಮೂಳೆಗಳನ್ನು ಕೆಡಿಸುವ ಫ್ಲೋರೈಡ್ ಕೂಡ ಇದೇ ಫ್ಲೋರಿನ್ನಿನ ರೂಪ.

ವಿಯರ್‌ಡೇಲಿನಲ್ಲಿ ಈ ಖನಿಜ ಇಷ್ಟೊಂದು ಸೇರಿದ್ದಕ್ಕೆ ನೆಲದಡಿಯ ಗ್ರಾನೈಟ್ ಕಾರಣ. ಮೇಲೆಲ್ಲೂ ಕಾಣಿಸಿಕೊಳ್ಳದ ಆ ಗ್ರಾನೈಟ್ ಅಲ್ಲಿರಬೇಕೆಂದು ಭೂವಿಜ್ಞಾನಿಗಳು ಬಹಳ ಕಾಲ ಊಹಿಸಿದ್ದರು. 1960–61ರಲ್ಲಿ ರೂಕ್‌ಹೋಪ್ ಹಳ್ಳಿಯಲ್ಲಿ ಕೊರೆದ ಕೊಳವೆ ಸುಮಾರು 390 ಮೀಟರ್ ಆಳದಲ್ಲಿ ಅದನ್ನು ಮುಟ್ಟಿತು. ಆದರೆ ಹೊರಬಂದ ಗ್ರಾನೈಟ್ ಮೇಲಿನ ಸುಣ್ಣಕಲ್ಲಿಗಿಂತ ಹಳೆಯದಾಗಿತ್ತು, ಆದ್ದರಿಂದ ಕರಗಿದ ಗ್ರಾನೈಟೇ ಮೇಲಿನ ಬಂಡೆಗೆ ನುಗ್ಗಿ ಅದಿರನ್ನು ಬಿಟ್ಟುಹೋಯಿತೆಂಬ ಹಳೆಯ ವಿವರಣೆ ಬಿದ್ದುಹೋಯಿತು. ಆರಿದ ಮೇಲೂ ಬೆಚ್ಚಗೇ ಉಳಿದ ಆ ಶಿಲೆ ಬಿಸಿಯಾದ ಲವಣದ ನೀರನ್ನು ಬಿರುಕುಗಳ ಮೂಲಕ ಮೇಲಕ್ಕೆ ಸೆಳೆಯಿತೆಂಬ ವಿವರಣೆ ಅದರ ಸ್ಥಾನಕ್ಕೆ ಬಂತು. ಬಿರುಕುಗಳಲ್ಲಿ ಸೀಸದ ಅದಿರಾದ ಗಲೀನಾ ಮತ್ತು ಫ್ಲೋರೈಟ್ ಒಟ್ಟಿಗೆ ತುಂಬಿ ನಿಂತವು. ಕೆಲವೆಡೆ ಆ ನೀರು ಬಿರುಕಿನ ಅಕ್ಕಪಕ್ಕಕ್ಕೂ ಹರಡಿ ಸುಣ್ಣಕಲ್ಲನ್ನು ತಿಂದು ಟೊಳ್ಳುಗಳನ್ನು ಮಾಡಿತು. ಅಡ್ಡಡ್ಡವಾಗಿ ಹಬ್ಬಿದ ಈ ಭಾಗಗಳನ್ನು ಗಣಿಗಾರರು ಫ್ಲಾಟ್ ಎಂದು ಕರೆಯುತ್ತಿದ್ದರು, ಒಳ್ಳೆಯ ಹರಳುಗಳು ಹೆಚ್ಚಾಗಿ ಸಿಕ್ಕಿದ್ದು ಈ ಫ್ಲಾಟುಗಳ ಜೇಡಿಮಣ್ಣು ತುಂಬಿದ ಟೊಳ್ಳುಗಳಲ್ಲೇ.

ಕಣಿವೆಯ ಖನಿಜದ ಹಕ್ಕು ಡರಹಮಿನ ಬಿಷಪ್ಪರದಾಗಿತ್ತು. 17ನೆಯ ಶತಮಾನದ ಕೊನೆಯಿಂದ ಗುತ್ತಿಗೆ ಹಿಡಿದದ್ದು ಬ್ಲ್ಯಾಕೆಟ್ ಮತ್ತು ಅವರ ವಾರಸುದಾರರಾದ ಬೋಮಾಂಟ್ ಮನೆತನ. ಗಣಿಗಾರರು ನಾಲ್ಕು, ಆರು, ಎಂಟು ಮಂದಿಯ ತಂಡ ಕಟ್ಟಿಕೊಂಡು ಬಾರ್ಗೇನ್ ಎಂಬ ಕರಾರಿನ ಮೇಲೆ ಸುರಂಗದ ಒಂದು ಭಾಗವನ್ನು ಮೂರು ತಿಂಗಳಿಗೆ ವಹಿಸಿಕೊಳ್ಳುತ್ತಿದ್ದರು. ಕೂಲಿ ದಿನದ ಲೆಕ್ಕದಲ್ಲಿ ಇರಲಿಲ್ಲ, ಬಿಂಗ್ ಎಂಬ ಅಳತೆಯ ಲೆಕ್ಕದಲ್ಲಿತ್ತು. ಒಂದು ಬಿಂಗ್ ಎಂದರೆ ಶುದ್ಧಗೊಳಿಸಿದ ಸೀಸದ ಅದಿರು ಸುಮಾರು 400 ಕಿಲೋ. ಅದಿರಿನ ಎಳೆ ಸಣ್ಣದಾದರೆ ಮೂರು ತಿಂಗಳ ದುಡಿಮೆಯೂ ಮುಂಗಡದ ಸಾಲಕ್ಕೆ ಸರಿಹೋಗುತ್ತಿತ್ತು. ಮನೆ ದೂರವಿದ್ದವರು ವಾರವಿಡೀ ಗಣಿಯ ಬಾಯಿಯಲ್ಲಿದ್ದ ಬಿಡಾರದಲ್ಲಿ ಒಂದೇ ಮಂಚದಲ್ಲಿ ಹಲವರು ಮಲಗಿ ಕಾಲ ಕಳೆಯುತ್ತಿದ್ದರು, ಧೂಳು ತುಂಬಿದ ಗಾಳಿಯಿಂದ ಶ್ವಾಸಕೋಶ ಕೆಟ್ಟು ಅಕಾಲದಲ್ಲಿ ಸಾಯುತ್ತಿದ್ದರು. ಇಂಥ ಲೆಕ್ಕದಲ್ಲಿ ಫ್ಲೋರೈಟಿಗೆ ಒಂದು ಕಾಸೂ ಇರಲಿಲ್ಲ. ಅದನ್ನು ಗಲೀನಾದಿಂದ ಬೇರ್ಪಡಿಸಿ ಹೊರಗೆ ಸುರಿಯುವುದು ಗಣಿಗಾರನಿಗೆ ಹೆಚ್ಚುವರಿ ಕೆಲಸವಷ್ಟೇ. ಹೀಗಿದ್ದೂ ಟೊಳ್ಳೊಂದು ತೆರೆದುಕೊಂಡಾಗ ಅವರು ಸುತ್ತಿಗೆಯ ಕೈ ತಡೆದು, ಹರಳಿನ ಗೊಂಚಲನ್ನು ಬಿಡಿಸಿ, ಬಟ್ಟೆಯಲ್ಲಿ ಸುತ್ತಿ ಮನೆಗೆ ಒಯ್ದರು. ಅಂಥ ತುಂಡುಗಳಿಗೆ ಅವರ ಆಡುಮಾತಿನಲ್ಲಿ ‘ಬಾನಿ ಬಿಟ್ಸ್’, ಅಂದರೆ ಚೆಂದದ ಚೂರುಗಳು, ಎಂಬ ಹೆಸರೇ ಇತ್ತು.

ಸುರಂಗದೊಳಗೆ ಅವರಿಗಿದ್ದ ಬೆಳಕು ಕೊಬ್ಬಿನ ಮೇಣದಬತ್ತಿಯದು, ಆ ಬೆಳಕಿನಲ್ಲಿ ನೇರಳಾತೀತ ಕಿರಣ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಒಳಗೆ ಎಲೆಹಸಿರಾಗಿ ಕಂಡ ಹರಳು ಗಣಿಯ ಬಾಯಿಗೆ ಬಂದು ಹಗಲ ಬೆಳಕಿಗೆ ಒಡ್ಡಿಕೊಂಡ ಕೂಡಲೇ ಒಳಗಿನಿಂದ ನೀಲಿ ಹೊಗೆ ಎದ್ದಂತೆ ಬಣ್ಣ ಬದಲಿಸುತ್ತಿತ್ತು. ಹರಳಿನಲ್ಲಿ ಅತ್ಯಲ್ಪವಾಗಿ ಬೆರೆತ ಯುರೋಪಿಯಂ ಎಂಬ ಧಾತು ಬಿಸಿಲಿನ ನೇರಳಾತೀತ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಬಿಡುವುದು ಇದಕ್ಕೆ ಕಾರಣ. ಕೇಂಬ್ರಿಜ್‌ನ ಖನಿಜಶಾಸ್ತ್ರಜ್ಞ ಎಡ್ವರ್ಡ್ ಡೇನಿಯಲ್ ಕ್ಲಾರ್ಕ್ 1819ರಲ್ಲಿ ಉತ್ತರ ಇಂಗ್ಲೆಂಡಿನ ಇಂಥ ಹಸಿರು ಹರಳಿನ ವಿಚಿತ್ರ ಬಣ್ಣವನ್ನು ವರ್ಣಿಸಿದ. 1852ರಲ್ಲಿ ಅದೇ ವಿಶ್ವವಿದ್ಯಾಲಯದ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್, ವಿಯರ್‌ಡೇಲಿನ ನೆರೆಯ ಆಲ್‌ಸ್ಟನ್ ಮೂರ್ ಗಣಿಸೀಮೆಯ ಹರಳನ್ನೂ ಪರೀಕ್ಷಿಸಿ, ಈ ವಿದ್ಯಮಾನಕ್ಕೆ ಫ್ಲೋರೈಟಿನ ಹೆಸರಿನಿಂದಲೇ ಫ್ಲೋರೆಸೆನ್ಸ್ ಎಂದು ನಾಮಕರಣ ಮಾಡಿದ. ಕನ್ನಡದ ವಿಜ್ಞಾನ ಪುಸ್ತಕಗಳಲ್ಲಿ ಪ್ರತಿದೀಪ್ತಿ ಎಂಬುದು ಇದೇ. ವಿದ್ವಾಂಸರು ಹೆಸರಿಡುವ ಎಷ್ಟೋ ಮುಂಚೆ ಪ್ರತಿ ಸಂಜೆ ಗಣಿಯಿಂದ ಹೊರಬರುವವರು ಆ ಬದಲಾವಣೆಯನ್ನು ಕಣ್ಣಾರೆ ಕಂಡಿದ್ದರು ಎಂದು ಊಹಿಸುವುದು ತಪ್ಪಾಗಲಾರದು.

ಮನೆಗೆ ತಂದ ಚೂರುಗಳಿಂದ ಹುಟ್ಟಿದ್ದೇ ಸ್ಪಾರ್ ಪೆಟ್ಟಿಗೆ. ಸ್ಪಾರ್ ಎಂದರೆ ಅದಿರಿನ ಜೊತೆ ಸಿಗುವ ಹೊಳಪಿನ ಕಲ್ಲುಗಳಿಗೆ ಗಣಿಗಾರರು ಇಟ್ಟ ಹೆಸರು. ಮುಂಭಾಗಕ್ಕೆ ಗಾಜು ಹಾಕಿದ ಮರದ ಪೆಟ್ಟಿಗೆಯೊಳಗೆ ಫ್ಲೋರೈಟ್, ಸ್ಫಟಿಕ, ಗಲೀನಾಗಳನ್ನು ಜೋಡಿಸಿ ಗುಹೆ, ತೋಟ, ಬೀದಿಗಳನ್ನು ಕಟ್ಟುವುದು, ಒಳಗೆ ಕನ್ನಡಿಗಳನ್ನು ನಿಲ್ಲಿಸಿ ಎರಡು ಗೇಣಿನ ದೃಶ್ಯ ಮುಗಿಯದ ಹಾದಿಯಂತೆ ಕಾಣಿಸುವುದು, ಸಣ್ಣ ದೀಪದಿಂದ ಅದನ್ನು ಬೆಳಗಿಸುವುದು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಕಣಿವೆಯ ಮನೆಮನೆಯ ಕಲೆಯಾಗಿತ್ತು, ಊರುಗಳಲ್ಲಿ ಪ್ರದರ್ಶನಗಳೂ ನಡೆಯುತ್ತಿದ್ದವು. ಇವುಗಳಲ್ಲಿ ಉಳಿದ ಕೆಲವು ಕಿಲ್‌ಹೋಪ್‌ನ ಸೀಸದ ಗಣಿ ವಸ್ತುಸಂಗ್ರಹಾಲಯವನ್ನು ಸೇರಿದವು. ಆಳೆತ್ತರದ ಪೆಟ್ಟಿಗೆಯೊಂದರಲ್ಲಿ ಆ ಕಾಲದ ಪೇಟೆಬೀದಿಯೇ ಹರಳುಗಳ ನಡುವೆ ನಿಂತಿದೆ. ಖನಿಜಶಾಸ್ತ್ರದ ಪುಸ್ತಕಗಳು ಈ ಪೆಟ್ಟಿಗೆಗಳನ್ನು ಕುತೂಹಲದ ವಸ್ತುಗಳೆಂದು ಒಂದು ಸಾಲಿನಲ್ಲಿ ದಾಟಿಹೋಗುವುದುಂಟು, ಅದು ಸರಿಯಲ್ಲ. ಬೆಲೆಯಿಲ್ಲದ ಕಲ್ಲಿಗೆ ಇಷ್ಟು ಸಂಜೆಗಳನ್ನು ಕೊಟ್ಟವರ ಕಣ್ಣು ಯಾವ ಪರಿಣತ ಸಂಗ್ರಾಹಕನ ಕಣ್ಣಿಗೂ ಕಡಿಮೆಯದಲ್ಲ.

ಹೊರಗಿನ ಸಂಗ್ರಾಹಕರು ಹರಳು ಪಡೆದದ್ದೂ ಈ ಮನೆಗಳಿಂದಲೇ, ವ್ಯಾಪಾರಿಗಳ ಮೂಲಕವೋ ನೇರವಾಗಿಯೋ. ಅವರಲ್ಲಿ ಸರ್ ಆರ್ಥರ್ ರಸೆಲ್ ಹೆಚ್ಚಿನವನು. ಬ್ರಿಟನ್ನಿನ ಖನಿಜಗಳನ್ನಷ್ಟೇ ಜೀವಮಾನವಿಡೀ ಕೂಡಿಸಿದ ಅವನು ಗಣಿಗಳಿಗೆ ತಾನೇ ಇಳಿಯುತ್ತಿದ್ದ, ಪ್ರತಿ ಹರಳಿನ ಗಣಿ, ತಾಣ, ದಿನಾಂಕಗಳನ್ನು ಚೀಟಿಯಲ್ಲಿ ಬರೆಯುತ್ತಿದ್ದ. 1964ರಲ್ಲಿ ಅವನು ತೀರಿಕೊಂಡಾಗ 12,000ಕ್ಕೂ ಹೆಚ್ಚು ಮಾದರಿಗಳ ಆ ಸಂಗ್ರಹ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಸೇರಿತು. ರೂಕ್‌ಹೋಪ್‌ನ ಬೋಲ್ಟ್ಸ್‌ಬರ್ನ್ ಗಣಿಯ ವಿಶಾಲ ಫ್ಲಾಟುಗಳಿಂದ ಬಂದ ಹರಳುಗಳೂ ಅದರಲ್ಲಿವೆ. ಆ ಗಣಿ 1930ರ ದಶಕದ ಆರಂಭದಲ್ಲಿ ಮುಚ್ಚಿತು, ಇನ್ನು ಅಲ್ಲಿಗೆ ಇಳಿಯುವಂತಿಲ್ಲ. ಹೀಗಾಗಿ ಚೀಟಿ ಕಳೆದುಹೋದ ಹರಳು ಎಷ್ಟೇ ಸುಂದರವಾಗಿದ್ದರೂ ಸಂಗ್ರಾಹಕರ ಲೆಕ್ಕದಲ್ಲಿ ಅನಾಥ.

ಅಷ್ಟರಲ್ಲಿ ಕಲ್ಲಿನ ದೆಸೆ ತಿರುಗಿತ್ತು. ವಿದೇಶದ ಅಗ್ಗದ ಸೀಸ ಬಂದು ಬೆಲೆ ಕುಸಿದು, 1880ರ ದಶಕದಲ್ಲಿ ಬೋಮಾಂಟ್ ಮನೆತನ ಗುತ್ತಿಗೆ ಬಿಟ್ಟಿತು, ನೂರಾರು ಸಂಸಾರಗಳು ಕಣಿವೆ ತೊರೆದವು. ಆಮೇಲಿನ ದಶಕಗಳಲ್ಲಿ ಉಕ್ಕಿನ ಹೊಸ ಕುಲುಮೆಗಳಿಗೆ ಕಲ್ಮಶವನ್ನು ಹರಿಯಿಸುವ ವಸ್ತು ಬೇಕಾಯಿತು. ಹಿಂದೆ ಬಿಸಾಡಿದ ರಾಶಿಗಳನ್ನೇ ಕೆದಕಿ, ಸೀಸಕ್ಕಾಗಿ ತೋಡಿದ ಸುರಂಗಗಳನ್ನೇ ಮತ್ತೆ ತೆರೆದು ಫ್ಲೋರೈಟ್ ತೆಗೆಯಲಾಯಿತು. ಈಗ ಗಣಿಗಾರನಿಗೆ ಕೂಲಿ ಬಂದದ್ದು ಅದೇ ಕಲ್ಲಿನ ಟನ್ನಿನ ಲೆಕ್ಕದಲ್ಲಿ. ಸಿಡಿಮದ್ದು ಹೆಚ್ಚಿತು, ಹರಳು ತುಂಬಿದ ಟೊಳ್ಳು ಒಡೆದ ಕಲ್ಲಿನೊಡನೆ ಅರೆಯುವ ಯಂತ್ರಕ್ಕೆ ಹೋಯಿತು. ಆಗಲೂ ಕೆಲವರು ಚೂರುಗಳನ್ನು ಎತ್ತಿಟ್ಟರು. ಫ್ರೇಜರ್ಸ್ ಹಷ್ ಗಣಿಯ ಕಡುನೇರಳೆ ಹರಳುಗಳು ಉಳಿದದ್ದು ಹಾಗೆ. ಹಷ್ ಎಂದರೆ ಬೆಟ್ಟದ ಮೇಲೆ ಕಟ್ಟೆ ಕಟ್ಟಿ, ನಿಂತ ನೀರನ್ನು ಒಮ್ಮೆಲೇ ಬಿಟ್ಟು, ಮಣ್ಣು ಕೊಚ್ಚಿಹೋಗುವಂತೆ ಮಾಡಿ ಅದಿರಿನ ಎಳೆಯನ್ನು ಬಯಲಿಗೆ ತರುವ ಹಳೆಯ ವಿಧಾನ, ಗಣಿಯ ಹೆಸರು ಅದರಿಂದ ಬಂದದ್ದು. ಆ ಗಣಿ 1999ರಲ್ಲಿ ಮುಚ್ಚುವುದರೊಂದಿಗೆ ಕಣಿವೆಯ ಫ್ಲೋರೈಟ್ ಉದ್ಯಮ ಕೊನೆಗೊಂಡಿತು.

ಹರಳಿಗಾಗಿಯೇ ಗಣಿ ನಡೆಸುವ ಪದ್ಧತಿ ಅಲ್ಲಿ ಬೆಳೆದದ್ದು ಫ್ರಾಸ್ಟರ್ಲಿ ಬಳಿಯ ರೋಜರ್ಲಿ ಎಂಬ ಹಳೆಯ ಸುಣ್ಣಕಲ್ಲಿನ ಕ್ವಾರಿಯಲ್ಲಿ. 1970ರ ದಶಕದಲ್ಲಿ ಇಬ್ಬರು ಹವ್ಯಾಸಿಗಳು ಕ್ವಾರಿಯ ಗೋಡೆಯಲ್ಲಿ ಹರಳಿನ ಟೊಳ್ಳು ಕಂಡು ಅಗೆಯತೊಡಗಿದರು, 1999ರಿಂದ ಕ್ಯಾಲಿಫೋರ್ನಿಯಾದ ತಂಡವೊಂದು ಪ್ರತಿ ಬೇಸಿಗೆ ಬಂದು ಕೆಲಸ ಮುಂದುವರಿಸಿತು. ಟೊಳ್ಳು ಸಿಕ್ಕಿದ ಕಡೆ ಸಿಡಿತಕ್ಕಿಂತ ವಜ್ರದ ಹಲ್ಲಿನ ಗರಗಸಕ್ಕೆ ಹೆಚ್ಚು ಕೆಲಸ. ಹರಳು ಅಂಟಿದ ಬಂಡೆಯನ್ನು ಸುತ್ತಲೂ ಕೊಯ್ದು, ಜೇಡಿಮಣ್ಣನ್ನು ನಿಧಾನವಾಗಿ ತೊಳೆದು ತೆಗೆಯಬೇಕು. ಹೊರಬರುವ ಹರಳು ಬಹುಮಟ್ಟಿಗೆ ಅವಳಿ: ಒಂದು ದಾಳದ ಮುಖವನ್ನು ತೂರಿಕೊಂಡು ಇನ್ನೊಂದು ದಾಳದ ಮೂಲೆ ಚೂಪಾಗಿ ಹೊರಗೆ ನಿಂತಿರುತ್ತದೆ. ಆ ಹಸಿರನ್ನು ಬಹುಕಾಲ ಬಿಸಿಲಿಗಿಟ್ಟರೆ ಮಾಸುವುದರಿಂದ ತಿಳಿದವರು ಅದನ್ನು ಕಿಟಕಿಯಲ್ಲಿ ಇಡುವುದಿಲ್ಲ.

ಗಣಿಗಾರರು ಹರಳು ಉಳಿಸಿದ್ದು ವಿಯರ್‌ಡೇಲಿನಲ್ಲಿ ಮಾತ್ರವಲ್ಲ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿಯೂ ಫ್ಲೋರೈಟ್ ಗಣಿಗಾರರು ಊಟದ ಡಬ್ಬಿಯಲ್ಲಿ ಹರಳು ಹೊತ್ತು ತಂದದ್ದರಿಂದಲೇ ಅಲ್ಲಿನ ನೇರಳೆ ಮತ್ತು ಹಳದಿ ದಾಳಗಳು ಉಳಿದವು. ಆಲ್ಪ್ಸ್ ಪರ್ವತದ ಎಂಟು ಮುಖಗಳ ಗುಲಾಬಿ ಫ್ಲೋರೈಟಿನದು ಬೇರೆ ಕಥೆ, ಹಗ್ಗ ಕಟ್ಟಿಕೊಂಡು ಕಡಿದಾದ ಬಂಡೆಗಳಲ್ಲಿ ಅದನ್ನು ಅರಸುವುದು ಅಲ್ಲಿ ತಲೆಮಾರುಗಳ ಕಸುಬು. ಭಾರತದ ಮಟ್ಟಿಗೆ ಸಂಗ್ರಾಹಕರು ಬಯಸುವ ಫ್ಲೋರೈಟ್ ಮಹಾರಾಷ್ಟ್ರದ ನಾಶಿಕ್ ಜಿಲ್ಲೆಯ ಮಹೋದರಿಯದು: ಸಕ್ಕರೆಯಂಥ ಸ್ಫಟಿಕದ ಪದರದ ಮೇಲೆ ಜೇನುಬಣ್ಣದ ಅರ್ಧಗೋಳಗಳಾಗಿ ಅದು ಕೂತಿರುತ್ತದೆ. ಅಲ್ಲಿನ ಬಂಡೆ ವಿಜಯಪುರ, ಕಲಬುರಗಿಗಳವರೆಗೂ ಹಬ್ಬಿದ ದಖನಿನ ಕಪ್ಪು ಬಸಾಲ್ಟ್, ಅದನ್ನು ಒಡೆಯುವುದು ಕಟ್ಟಡ ಮತ್ತು ರಸ್ತೆಗಳಿಗಾಗಿ. ಬಂಡೆ ಸೀಳಿದಾಗ ಟೊಳ್ಳು ಕಂಡರೆ ಅದನ್ನು ಮೊದಲು ನೋಡುವವರು ಕ್ವಾರಿಯ ಕೂಲಿಕಾರರು. ಅವರು ಪಕ್ಕಕ್ಕೆ ಎತ್ತಿಟ್ಟದ್ದು ವ್ಯಾಪಾರಿಯ ಕೈಸೇರಿ ದೇಶಾಂತರ ಹೋಗುತ್ತದೆ, ಎತ್ತಿಡದೆ ಬಿಟ್ಟದ್ದು ಜಲ್ಲಿಯಾಗುತ್ತದೆ.