ಹೋಮ್‌ಗೂ ಪ್ರೊಗೂ ನಡುವೆ ಕಾಲು ಶತಮಾನ

‘ಪ್ರೊ ಹಾಕಿಸಿಬಿಡಿ ಸಾರ್, ಹೋಮ್‌ನಲ್ಲಿ ಕನ್ನಡ ಸರಿಯಾಗಿ ಬರಲ್ಲ.’ ಶಿವಪುರ, ಮದ್ದೂರು, ಮಳವಳ್ಳಿ ಕಡೆ ಲ್ಯಾಪ್‌ಟಾಪ್ ಕೊಳ್ಳಲು ಹೊರಟವರ ಕಿವಿಗೆ ಬೀಳುವ ಸಲಹೆಗಳಲ್ಲಿ ಇದೂ ಒಂದು; ಹೋಮ್, ಪ್ರೊ ಎಂದರೆ ವಿಂಡೋಸ್‌ನ ಎರಡು ಆವೃತ್ತಿಗಳು. ಮಾತಿನ ಮೊದಲರ್ಧ ಕೆಲವರಿಗೆ ನಿಜ. ಎರಡನೆಯ ಅರ್ಧ ಯಾರಿಗೂ ನಿಜವಲ್ಲ. ಆದರೂ ಇಂಥ ನಂಬಿಕೆ ಬೇರುಬಿಡಲು ಕಾರಣಗಳಿವೆ. ಅವು ತಂತ್ರಜ್ಞಾನದಲ್ಲಿರುವುದಕ್ಕಿಂತ ಹೆಚ್ಚಾಗಿ ವಿಂಡೋಸ್ ನಮ್ಮೂರುಗಳಿಗೆ ಬಂದ ದಾರಿಯಲ್ಲಿವೆ.

ತೊಂಬತ್ತರ ದಶಕದಲ್ಲಿ ಈ ಪ್ರಶ್ನೆ ಹುಟ್ಟಿಯೇ ಇರಲಿಲ್ಲ. ಮನೆಗೆ ವಿಂಡೋಸ್ 95, ಆಮೇಲೆ 98; ದೊಡ್ಡ ಕಚೇರಿಗೆ ವಿಂಡೋಸ್ ಎನ್‌ಟಿ. ಹೊರನೋಟಕ್ಕೆ ಒಂದೇ ಥರ ಕಂಡರೂ ಒಳಗೆ ಎರಡೂ ಬೇರೆ ಬೇರೆ ಜಾತಿ. ಕನ್ನಡಿಗರ ತಲೆನೋವೂ ಆಗ ಬೇರೆಯಿತ್ತು: ಯಾವ ಫಾಂಟು, ಯಾವ ಕೀಲಿಮಣೆ? ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ, ಶ್ರೀಲಿಪಿ, 1998ರಲ್ಲಿ ಶೇಷಾದ್ರಿವಾಸು ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವುಗಳ ಕಥೆಯನ್ನು ಹಲವರು ಬರೆದಿದ್ದಾರೆ. ಅವು ಯಾವ ವಿಂಡೋಸ್ ಮೇಲೆ ಓಡುತ್ತಿದ್ದವು ಎಂಬುದರ ಕಡೆಗೆ ಅಷ್ಟು ಗಮನ ಹೋಗಲಿಲ್ಲ.

ತಿರುವು ಬಂದದ್ದು 2001ರ ಅಕ್ಟೋಬರ್ 25ರಂದು. ಮೈಕ್ರೋಸಾಫ್ಟ್ ತನ್ನ ಎರಡೂ ದಾರಿಗಳನ್ನು ವಿಂಡೋಸ್ ಎಕ್ಸ್‌ಪಿಯಲ್ಲಿ ಒಂದುಮಾಡಿತು. ಮಾರಾಟಕ್ಕೆ ಮಾತ್ರ ಮತ್ತೆ ಎರಡು ಪೆಟ್ಟಿಗೆ ಮಾಡಿತು. ಅಮೆರಿಕದಲ್ಲಿ ಹೋಮ್‌ಗೆ 199 ಡಾಲರ್, ಪ್ರೊಫೆಷನಲ್‌ಗೆ 299. ಆ ನೂರು ಡಾಲರಿಗೆ ಸಿಗುತ್ತಿದ್ದುದೇನು? ಕಂಪನಿಯ ಸರ್ವರಿನ ಡೊಮೈನ್‌ಗೆ ಸೇರುವ ಅವಕಾಶ, ದೂರದಿಂದ ಆ ಕಂಪ್ಯೂಟರನ್ನೇ ನಡೆಸುವ ರಿಮೋಟ್ ಡೆಸ್ಕ್‌ಟಾಪ್, ಫೈಲುಗಳನ್ನು ಗೂಢಲಿಪಿಯಲ್ಲಿಡುವ ಸೌಲಭ್ಯ, ಎರಡು ಪ್ರೊಸೆಸರುಗಳಿಗೆ ಬೆಂಬಲ. ಪಟ್ಟಿಯಲ್ಲಿ ವೇಗವಿಲ್ಲ, ಭಾಷೆಯೂ ಇಲ್ಲ.

ಹಾಗಾದರೆ ನಮ್ಮಲ್ಲಿ ‘ಪ್ರೊಫೆಷನಲ್’ ಎಂಬ ಹೆಸರು ಮನೆಮಾತಾದದ್ದು ಹೇಗೆ? ಉತ್ತರ ಕೊಂಚ ಮುಜುಗರದ್ದು. ದೊಡ್ಡ ಕಂಪನಿಗಳು ಸಗಟಾಗಿ ಕೊಳ್ಳುತ್ತಿದ್ದ ಎಕ್ಸ್‌ಪಿ ಪ್ರೊಫೆಷನಲ್‌ಗೆ ಆಕ್ಟಿವೇಷನ್ ಬೇಕಿರಲಿಲ್ಲ. ಅಂಥದೊಂದು ಪ್ರತಿ, ಅದರ ಕೀ ಸಮೇತ, ಬಿಡುಗಡೆಗೆ ಮೊದಲೇ ಸೋರಿತು. 2002ರಲ್ಲಿ ಬಂದ ಮೊದಲ ಸರ್ವಿಸ್ ಪ್ಯಾಕ್ ಆ ಕೀಯನ್ನು ತಡೆಯಿತಾದರೂ ಅಷ್ಟರಲ್ಲಿ ಸಿ.ಡಿ.ಗಳು ಜಗತ್ತೆಲ್ಲ ಹರಡಿಯಾಗಿತ್ತು. ಅಂಗಡಿಯವರು ಹೋಮ್ ಹಾಕಿದರೆ ಆಕ್ಟಿವೇಷನ್ ಕೇಳುತ್ತಿತ್ತು. ಪ್ರೊ ಹಾಕಿದರೆ ಸುಮ್ಮನಿರುತ್ತಿತ್ತು. ಅಸೆಂಬಲ್ ಮಾಡಿದ ಸಿಸ್ಟಂಗಳ ಕಾಲದಲ್ಲಿ ‘ಒಳ್ಳೆಯ ವಿಂಡೋಸ್’ ಎಂದರೆ ತಕರಾರಿಲ್ಲದೆ ಓಡುವ ವಿಂಡೋಸ್. ಹೀಗೆ ಕದ್ದ ಪ್ರತಿಯಿಂದ ಬಂದ ಮರ್ಯಾದೆ ಆ ಹೆಸರಿಗೆ ಇವತ್ತಿಗೂ ಅಂಟಿಕೊಂಡಿದೆ.

ಕನ್ನಡದ ಕುರಿತ ಅಪನಂಬಿಕೆಯ ಮೂಲವೂ ಅಲ್ಲಿಯೇ ಇದೆ. ವಿಂಡೋಸ್ 2000ದಲ್ಲಿ ಭಾರತೀಯ ಲಿಪಿಗಳ ಪೈಕಿ ದೇವನಾಗರಿಗೂ ತಮಿಳಿಗೂ ಜಾಗವಿತ್ತು. ಕನ್ನಡ ಬಂದದ್ದು ಎಕ್ಸ್‌ಪಿಯಲ್ಲಿ, ‘ತುಂಗಾ’ ಫಾಂಟಿನೊಂದಿಗೆ. ಬಂದರೂ ಅದು ತಾನಾಗಿ ಕಾಣಿಸಿಕೊಳ್ಳುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಪ್ರಾದೇಶಿಕ ಮತ್ತು ಭಾಷಾ ಆಯ್ಕೆಗಳಲ್ಲಿ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಎಂಬ ಸಾಲಿಗೆ ಟಿಕ್ ಹಾಕಬೇಕಿತ್ತು. ಹಾಕಿದ ಕೂಡಲೇ ಅದು ಮೂಲ ಸಿ.ಡಿ.ಯ ‘ಐ386’ ಫೋಲ್ಡರ್ ಕೇಳುತ್ತಿತ್ತು. ಆ ಕೆಲಸ ಆಗುವ ತನಕ ‘ಮದ್ದೂರು’ ಎಂದು ಬರೆದರೆ ದಕಾರದ ಒತ್ತು ಕೆಳಗಿಳಿಯದೆ ಬಿಡಿಬಿಡಿಯಾಗಿ ಪಕ್ಕದಲ್ಲಿ ನಿಲ್ಲುತ್ತಿತ್ತು. ಹೋಮ್‌ನಲ್ಲೂ ಪ್ರೊಫೆಷನಲ್‌ನಲ್ಲೂ ಕಥೆ ಒಂದೇ. ಆದರೆ ಅಂಗಡಿಯಲ್ಲಿದ್ದುದು ಪ್ರೊ ಸಿ.ಡಿ. ಮಾತ್ರ; ಸಿಸ್ಟಂ ಫಾರ್ಮ್ಯಾಟ್ ಮಾಡಿ ಅದನ್ನೇ ಹಾಕಿ, ಟಿಕ್ ಕೊಟ್ಟು ಕಳಿಸಿದರೆ ಕನ್ನಡ ಸರಿಹೋಗುತ್ತಿತ್ತು. ಗಿರಾಕಿಗೆ ಕಂಡದ್ದು ಪ್ರೊ ಬಂದದ್ದು, ಕನ್ನಡ ಬಂದದ್ದು.

ಆಮೇಲಿನ ಹತ್ತು ವರ್ಷ ಗೊಂದಲವೇ ಹೆಚ್ಚು. 2005ರಲ್ಲಿ ಭಾರತಕ್ಕೆಂದೇ ಹಿಂದಿಯಲ್ಲಿ ಬಂದ ಎಕ್ಸ್‌ಪಿ ಸ್ಟಾರ್ಟರ್ ಒಮ್ಮೆಗೆ ಮೂರಕ್ಕಿಂತ ಹೆಚ್ಚು ಪ್ರೋಗ್ರಾಂ ತೆರೆಯಲು ಬಿಡುತ್ತಿರಲಿಲ್ಲ; ಬಡವರಿಗೆ ಬೇಕಾದುದು ಕಡಿಮೆ ಬೆಲೆಯೇ ಹೊರತು ಕಡಿಮೆ ಕೆಲಸವಲ್ಲ ಎಂಬುದು ತಯಾರಕರಿಗೆ ಹೊಳೆಯಲಿಲ್ಲ. ಎಕ್ಸ್‌ಪಿಯ ನಂತರ ಬಂದ ವಿಂಡೋಸ್ ವಿಸ್ಟಾ ಬಗ್ಗೆ ಹೆಚ್ಚು ಹೇಳದಿರುವುದೇ ಅದಕ್ಕೆ ತೋರುವ ಮರ್ಯಾದೆ. ಒಂದು ಉಪಕಾರವನ್ನಂತೂ ಅದು ಮಾಡಿತು: ಟಿಕ್ ಹಾಕುವ ಕಾಟ ತಪ್ಪಿಸಿ, ಎಲ್ಲ ಆವೃತ್ತಿಗಳಲ್ಲೂ ಕನ್ನಡವನ್ನು ಮೊದಲಿನಿಂದಲೇ ಇಟ್ಟಿತು. 2009ರ ವಿಂಡೋಸ್ 7ರಲ್ಲಿ ಹೋಮ್ ಬೇಸಿಕ್, ಹೋಮ್ ಪ್ರೀಮಿಯಂ, ಪ್ರೊಫೆಷನಲ್, ಅಲ್ಟಿಮೇಟ್ ಎಂದು ಮೆಟ್ಟಿಲುಗಳಾದವು. ಕನ್ನಡದ ಮೆನುಗಳನ್ನು ಕೊಡುವ ಉಚಿತ ಪ್ಯಾಕ್ ಮಾತ್ರ ಎಲ್ಲ ಮೆಟ್ಟಿಲಿಗೂ ಸಲ್ಲುತ್ತಿತ್ತು. 2019ರ ಮೇ ಅಪ್‌ಡೇಟ್‌ನಲ್ಲಿ ವಿಂಡೋಸ್ 10ಕ್ಕೆ ಕನ್ನಡ ಫೊನೆಟಿಕ್ ಕೀಲಿಮಣೆ ಸೇರಿದಾಗಲೂ ಹೋಮ್, ಪ್ರೊ ಎಂಬ ಭೇದವಿರಲಿಲ್ಲ.

ನಿಜವಾದ ಭೇದ ಒಂದಿದೆ, ಅದರ ಹೆಸರು ‘ಹೋಮ್ ಸಿಂಗಲ್ ಲ್ಯಾಂಗ್ವೇಜ್’. ನಮ್ಮಲ್ಲಿ ಮಾರಾಟವಾಗುವ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಮೊದಲೇ ತುಂಬಿ ಬರುವುದು ಇದು. ಇದರಲ್ಲಿ ಪರದೆಯ ಭಾಷೆ ಒಂದೇ. ಕನ್ನಡ ಟೈಪಿಸಲು, ಓದಲು, ಮುದ್ರಿಸಲು ಅಡ್ಡಿಯೇನಿಲ್ಲ. ಮೆನುಗಳ ಭಾಷೆ ಬದಲಿಸುವುದಕ್ಕಷ್ಟೇ ಇದು ಬಿಡುವುದಿಲ್ಲ. ಅಂಗಡಿಯ ಸಲಹೆ ಈ ವ್ಯತ್ಯಾಸವನ್ನೇ ಹಿಡಿದು ಹುಟ್ಟಿದ್ದರೂ ಇರಬಹುದು. ಆದರೆ ಆ ಕಟ್ಟು ಸಿಂಗಲ್ ಲ್ಯಾಂಗ್ವೇಜಿನದು, ಹೋಮ್‌ನದಲ್ಲ.

ಹೀಗೆ ಚರ್ಚೆಯೆಲ್ಲ ಲಿಪಿಯ ಸುತ್ತ ಸುತ್ತುತ್ತಿರುವಾಗ ಕಂಪ್ಯೂಟರಿನ ಜಾಗ ಬದಲಾಯಿತು. ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳು ಗಣಕಕ್ಕೇರಿದಾಗ, ತಾಲ್ಲೂಕು ಕಚೇರಿಯ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗುವ ವ್ಯವಸ್ಥೆ ಮಾಡಿದ್ದರು. ಕಂಪ್ಯೂಟರ್ ಯಾರ ಕೈಯಲ್ಲಿದೆ ಎಂಬ ಎಚ್ಚರ ಅಲ್ಲಿತ್ತು. 2022ರಲ್ಲಿ ಸರ್ಕಾರಿ ಸೇವೆಗಳ ಗ್ರಾಮ ಒನ್ ಕೇಂದ್ರಗಳು ರಾಜ್ಯದ ಉದ್ದಗಲಕ್ಕೂ ತೆರೆದ ಮೇಲೆ ಆ ಕೆಲಸದ ಒಂದು ಪಾಲು ಹಳ್ಳಿಯ ಸಣ್ಣ ಮಳಿಗೆಗೆ ಇಳಿಯಿತು. ಇಂಥ ಮಳಿಗೆಯನ್ನು ಅತ್ತ ಮನೆ ಎನ್ನಲೂ ಆಗದು, ಇತ್ತ ಡೊಮೈನ್, ಸರ್ವರ್ ಇರುವ ಕಚೇರಿ ಎನ್ನಲೂ ಆಗದು. ಜೆರಾಕ್ಸ್ ಅಂಗಡಿಗೂ ಇದೇ ಮಾತು. ಸ್ಕ್ಯಾನ್ ಮಾಡಿದ ಆಧಾರ್, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಡೆಸ್ಕ್‌ಟಾಪಿನ ಫೋಲ್ಡರುಗಳಲ್ಲಿ ಉಳಿದುಬಿಡುತ್ತವೆ. ಆ ಲ್ಯಾಪ್‌ಟಾಪ್ ಕಳುವಾದರೆ?

ಪ್ರೊ ನಿಜಕ್ಕೂ ಕೆಲಸಕ್ಕೆ ಬರುವುದು ಇಲ್ಲಿ. ಅದರ ಬಿಟ್‌ಲಾಕರ್ ಇಡೀ ಡ್ರೈವಿಗೆ ಬೀಗ ಹಾಕುತ್ತದೆ, ಪೆನ್‌ಡ್ರೈವಿಗೂ ಹಾಕುತ್ತದೆ. ಬೀಗ ಹಾಕಿದ ಪೆನ್‌ಡ್ರೈವನ್ನು ಹೋಮ್ ತೆರೆಯಬಲ್ಲದು, ಹೊಸದಾಗಿ ಬೀಗ ಹಾಕಲಾರದು. ಹೋಮ್‌ನಲ್ಲೂ ‘ಡಿವೈಸ್ ಎನ್‌ಕ್ರಿಪ್ಷನ್’ ಇದೆ; ಯಂತ್ರಾಂಶ ಒಪ್ಪಿ, ಮೈಕ್ರೋಸಾಫ್ಟ್ ಖಾತೆಯಿಂದ ಒಳಬಂದಾಗ ಅದು ಚಾಲೂ ಆಗುತ್ತದೆ, ಅದರ ಕೀ ಆ ಖಾತೆಗೆ ಹೋಗಿ ಕೂರುತ್ತದೆ. ಆ ಖಾತೆಯನ್ನು ತೆರೆದವನು ಅಂಗಡಿಯ ಹುಡುಗನೇ ಆಗಿದ್ದರೆ ಕೀ ಯಾರದ್ದು ಎಂದು ಕೇಳಿಕೊಳ್ಳಬೇಕು. ಹೋಮ್ ಅಪ್‌ಡೇಟನ್ನು ಐದು ವಾರ ನಿಲ್ಲಿಸಬಲ್ಲದು. ಪ್ರೊ ದೊಡ್ಡ ಅಪ್‌ಡೇಟನ್ನು ಒಂದು ವರ್ಷದವರೆಗೆ ಮುಂದೂಡಬಲ್ಲದು. ಅರ್ಜಿ ಹಾಕಲು ಸಾಲು ನಿಂತಿರುವಾಗ ಇದೇನೂ ಸಣ್ಣ ಸಂಗತಿಯಲ್ಲ.

ಈ ಇಬ್ಬಗೆಯೇ ಇಲ್ಲದ ದಾರಿಯೂ ಒಂದಿದೆ. ಗಡಿಯಾಚೆಯ ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಕೇರಳದ ಉಳಿದ ಮಕ್ಕಳಂತೆಯೇ ಗ್ನು/ಲಿನಕ್ಸ್ ಮೇಲೆ ಕಂಪ್ಯೂಟರ್ ಕಲಿಯುತ್ತಾರೆ. ಅಲ್ಲಿ ಹೋಮ್ ಇಲ್ಲ, ಪ್ರೊ ಇಲ್ಲ, ಕೀ ಹುಡುಕುವ ಪ್ರಮೇಯವೂ ಇಲ್ಲ. ಕರ್ನಾಟಕದ ಶಾಲೆಗಳು ಆ ಉದಾಹರಣೆಯನ್ನು ಇನ್ನೂ ಗಂಭೀರವಾಗಿ ನೋಡಬೇಕಿದೆ.

ಕಂಪ್ಯೂಟರ್ ಕುರಿತ ನಮ್ಮ ಬರವಣಿಗೆ ಅಕ್ಷರ ಮೂಡಿಸುವುದನ್ನು ಚೆನ್ನಾಗಿ ಕಲಿಸಿತು. ಮೂಡಿದ್ದನ್ನು ಕಾಯುವುದನ್ನು ಅಷ್ಟಾಗಿ ಕಲಿಸಲಿಲ್ಲ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲಾದರೂ ಈ ಕೊರತೆ ತುಂಬಬೇಕು. ಸದ್ಯಕ್ಕೆ ಲೆಕ್ಕ ಇಷ್ಟು: ಓದುವ ಮಕ್ಕಳಿಗೆ, ನುಡಿಯಲ್ಲಿ ಟೈಪಿಸುವವರಿಗೆ, ಮನೆಯವರಿಗೆ ಹೋಮ್ ಸಾಕು. ಊರಿನವರ ಕಾಗದಪತ್ರ ಇಟ್ಟುಕೊಳ್ಳುವ ಗ್ರಾಮ ಒನ್ ನಿರ್ವಾಹಕರು, ಸೊಸೈಟಿ ಕಾರ್ಯದರ್ಶಿಗಳು, ಲೆಕ್ಕಪತ್ರ ಬರೆಯುವವರು ಪ್ರೊ ಕೊಳ್ಳಲಿ, ಅದೂ ಬಿಲ್ಲಿನ ಸಮೇತ. ಅದಕ್ಕೂ ಮೊದಲು ವಿಂಡೋಸ್ ಕೀ ಮತ್ತು ‘ಆರ್’ ಒಟ್ಟಿಗೆ ಒತ್ತಿ ‘ವಿನ್‌ವರ್’ (winver) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿ ನೋಡಿ. ಅಲ್ಲಿ ವಿಂಡೋಸ್ 10 ಎಂದು ಕಂಡರೆ ಹೋಮ್, ಪ್ರೊ ಪ್ರಶ್ನೆ ಆಮೇಲಿನದು: ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ.