ಫುಟ್‌ಬಾಲ್ ರೆಫರಿ: ಒತ್ತಡ, ತೀರ್ಪು ಮತ್ತು ಪ್ರಾಮಾಣಿಕತೆ

ವಿಜಯಪುರ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ತಾಲ್ಲೂಕುಗಳ ಜಾತ್ರೆಗಳಲ್ಲಿ ಕುಸ್ತಿ ಕಣದ ತೀರ್ಪು ಬಹುಮಟ್ಟಿಗೆ ನೆಲವೇ ನೀಡುವ ತೀರ್ಪು. ಪೈಲ್ವಾನನ ಬೆನ್ನು ಮಣ್ಣಿಗೆ ತಾಗಿತೇ ಇಲ್ಲವೇ ಎಂಬುದನ್ನು ಸುತ್ತ ಕುಳಿತ ಜನರೆಲ್ಲರೂ ಕಾಣುತ್ತಾರೆ. ಫುಟ್‌ಬಾಲ್ ಹಾಗಲ್ಲ. ಚೆಂಡು ಕೈಗೆ ತಾನಾಗಿ ತಗುಲಿತೇ, ಆಟಗಾರ ಬೇಕೆಂದೇ ಕೈ ಚಾಚಿದನೇ, ಎದುರಾಳಿ ಬಿದ್ದದ್ದು ಕಾಲು ತಾಗಿಯೇ ಅಥವಾ ನಟನೆಯೇ ಎಂಬುದನ್ನು ಒಬ್ಬ ವ್ಯಕ್ತಿ ಕ್ಷಣಾರ್ಧದಲ್ಲಿ ನಿರ್ಧರಿಸಬೇಕು. ಆ ನಿರ್ಧಾರದ ಮೇಲೆ ಪ್ರೇಕ್ಷಕರು, ತರಬೇತುದಾರರು, ಸಂಘಟಕರು ಮತ್ತು ಬೆಟ್ಟಿಂಗ್ ಹಣ ಬೀರುವ ಒತ್ತಡವೇ ಈ ಲೇಖನದ ವಿಷಯ.

ರೆಫರಿ ಬಂದದ್ದು ಹೇಗೆ?

ಫುಟ್‌ಬಾಲ್‌ಗೆ 1863ರಲ್ಲಿ ಇಂಗ್ಲೆಂಡಿನಲ್ಲಿ ನಿಯಮಾವಳಿ ರಚನೆಯಾದಾಗ ಮೈದಾನದ ನಡುವೆ ಇಂದಿನಂತೆ ರೆಫರಿ ಇರಲಿಲ್ಲ. ಮುಂದೆ ಪ್ರತಿ ತಂಡವೂ ತನ್ನದೇ ಅಂಪೈರ್‌ನನ್ನು ಕರೆತರುವ ಪದ್ಧತಿ ಬೆಳೆಯಿತು. ಇಬ್ಬರು ಅಂಪೈರ್‌ಗಳ ನಡುವೆ ಭಿನ್ನಾಭಿಪ್ರಾಯ ಬಂದರೆ ಹೊರಗೆ ನಿಂತ ಮೂರನೆಯವರನ್ನು ಕೇಳಲಾಗುತ್ತಿತ್ತು. 1891ರಲ್ಲಿ ಈ ಮೂರನೆಯ ವ್ಯಕ್ತಿ ಮೈದಾನದೊಳಕ್ಕೆ ಬಂದರು. ಅಂಪೈರ್‌ಗಳು ಗೆರೆಯ ಆಚೆಗೆ ಸರಿದು ಲೈನ್ಸ್‌ಮನ್‌ಗಳಾದರು. ಪೆನಾಲ್ಟಿ ಕಿಕ್ ಜಾರಿಗೆ ಬಂದದ್ದೂ ಅದೇ ವರ್ಷ. ತಂಡದ ಕಡೆಯವರು ತೀರ್ಪು ನೀಡಬಾರದು ಎಂಬ ತತ್ವ ಅಂದಿನಿಂದಲೂ ಆಟದ ಬುನಾದಿಯಾಗಿದೆ.

ನಿಯಮಗಳನ್ನು ರೂಪಿಸುವ ಅಧಿಕಾರ 1886ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆಗಳ ಮಂಡಳಿಯದ್ದು. ನಿಯಮಾವಳಿಯ 5ನೇ ನಿಯಮದ ಪ್ರಕಾರ, ಗೋಲು ಆಯಿತೇ ಇಲ್ಲವೇ ಎಂಬುದೂ ಸೇರಿದಂತೆ ಆಟಕ್ಕೆ ಸಂಬಂಧಿಸಿದ ಸಂಗತಿಗಳಲ್ಲಿ ರೆಫರಿಯ ತೀರ್ಮಾನವೇ ಅಂತಿಮ. ಆಟ ಮರಳಿ ಆರಂಭವಾದ ನಂತರ ಸಾಮಾನ್ಯವಾಗಿ ತೀರ್ಪು ಬದಲಿಸಲು ಅವಕಾಶವಿಲ್ಲ. ಹಳದಿ ಮತ್ತು ಕೆಂಪು ಕಾರ್ಡ್‌ಗಳು ವಿಶ್ವಕಪ್‌ನಲ್ಲಿ ಮೊದಲು ಬಳಕೆಯಾದದ್ದು 1970ರಲ್ಲಿ. ವಿಡಿಯೊ ಸಹಾಯಕ ರೆಫರಿ ವ್ಯವಸ್ಥೆ, ಅಂದರೆ ವಿಎಆರ್, ವಿಶ್ವಕಪ್‌ಗೆ ಕಾಲಿಟ್ಟದ್ದು 2018ರಲ್ಲಿ.

ಕಂಠೀರವದ ಆ ರಾತ್ರಿ

ಕರ್ನಾಟಕದ ನೆಲದಲ್ಲಿ ರೆಫರಿಯ ತೀರ್ಪು ದೇಶದಾದ್ಯಂತ ಚರ್ಚೆಗೆ ಗುರಿಯಾದದ್ದು 2023ರ ಮಾರ್ಚ್ 3ರಂದು. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್‌ನ ನಾಕೌಟ್ ಪಂದ್ಯ. ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಿಗದಿತ 90 ನಿಮಿಷಗಳಲ್ಲಿ ಗೋಲಿಲ್ಲದೆ ಸಮಬಲ ಸಾಧಿಸಿದ್ದವು. ಹೆಚ್ಚುವರಿ ಅವಧಿಯ ಆರಂಭದಲ್ಲಿ ಬೆಂಗಳೂರಿಗೆ ಫ್ರೀ ಕಿಕ್ ದೊರೆಯಿತು. ಎದುರಾಳಿಗಳು ಗೋಡೆ ಕಟ್ಟಿಕೊಳ್ಳುವ ಮುನ್ನವೇ ಸುನಿಲ್ ಚೆಟ್ರಿ ಚೆಂಡನ್ನು ಗುರಿ ಸೇರಿಸಿದರು. ರೆಫರಿ ಕ್ರಿಸ್ಟಲ್ ಜಾನ್ ಗೋಲನ್ನು ಮಾನ್ಯ ಮಾಡಿದರು.

ತಮ್ಮ ತಂಡ ಸಿದ್ಧವಾಗಿರಲಿಲ್ಲ ಎಂದು ಕೇರಳದ ಆಟಗಾರರು ಪ್ರತಿಭಟಿಸಿದರು. ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನು ಮೈದಾನದಿಂದ ಹೊರಕ್ಕೆ ಕರೆದರು. ತಂಡ ಮರಳಲಿಲ್ಲ, ಪಂದ್ಯ 1-0ರಿಂದ ಬೆಂಗಳೂರಿನ ಪಾಲಾಯಿತು. ಆ ಪಂದ್ಯದಲ್ಲಿ ವಿಎಆರ್ ಇರಲಿಲ್ಲ.

ನಿಯಮ ಏನು ಹೇಳುತ್ತದೆ? ಎದುರಾಳಿಗಳು 9.15 ಮೀಟರ್ ದೂರ ನಿಲ್ಲಬೇಕೆಂಬುದು ಫ್ರೀ ಕಿಕ್ ಪಡೆದ ತಂಡಕ್ಕೆ ನೀಡಿದ ರಕ್ಷಣೆ. ಆ ತಂಡ ಅದನ್ನು ಬಿಟ್ಟುಕೊಟ್ಟು ಬೇಗನೆ ಕಿಕ್ ತೆಗೆದುಕೊಳ್ಳಬಹುದು. ಆದರೆ ರೆಫರಿ ಗೋಡೆಯನ್ನು ಹಿಂದಕ್ಕೆ ಸರಿಸಲು ತೊಡಗಿ, ಶಿಳ್ಳೆಗಾಗಿ ಕಾಯುವಂತೆ ಸೂಚಿಸಿದ್ದರೆ ಶಿಳ್ಳೆ ಊದುವವರೆಗೆ ಕಾಯಲೇಬೇಕು. ಅಂದಿನ ವಾದವೆಲ್ಲ ಈ ಎರಡರಲ್ಲಿ ಯಾವುದು ನಡೆಯಿತು ಎಂಬುದರ ಸುತ್ತಲೇ ಇತ್ತು.

ಪಂದ್ಯ ಮರಳಿ ನಡೆಸಬೇಕೆಂಬ ಕೇರಳದ ಕೋರಿಕೆಯನ್ನು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಶಿಸ್ತು ಸಮಿತಿ ತಳ್ಳಿಹಾಕಿತು. ಮಾರ್ಚ್ 31ರಂದು ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ ವಿಧಿಸಿತು. ಬಹಿರಂಗ ಕ್ಷಮೆ ಕೇಳದಿದ್ದರೆ ದಂಡ 6 ಕೋಟಿಗೆ ಏರುವುದೆಂದು ಎಚ್ಚರಿಸಿತು. ಕೋಚ್‌ಗೆ 10 ಪಂದ್ಯಗಳ ನಿಷೇಧ ಮತ್ತು 5 ಲಕ್ಷ ರೂಪಾಯಿ ದಂಡ ಬಿತ್ತು. ಶಿಕ್ಷೆ ಬಿದ್ದದ್ದು ತೀರ್ಪನ್ನು ಒಪ್ಪದಿದ್ದುದಕ್ಕಲ್ಲ, ಆಟವನ್ನು ತೊರೆದದ್ದಕ್ಕೆ. ಕಾಕತಾಳೀಯವೆಂದರೆ, ಕಂಠೀರವದ ಪಂದ್ಯದ ಮರುದಿನವೇ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಮಣಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ರಾಜ್ಯದ ಫುಟ್‌ಬಾಲ್‌ಗೆ ಹೆಮ್ಮೆಯ ಆ ಸುದ್ದಿಯ ಜೊತೆಗೇ ಕಂಠೀರವದ ವಿವಾದವೂ ಓಡುತ್ತಿತ್ತು.

ಕಾಣದಿದ್ದ ಗೆರೆ

2024ರ ಜೂನ್ 11ರಂದು ದೋಹಾದಲ್ಲಿ ನಡೆದ ವಿಶ್ವಕಪ್ ಅರ್ಹತಾ ಪಂದ್ಯ ಮತ್ತೊಂದು ಉದಾಹರಣೆ. ಲಾಲಿಯನ್‌ಜುವಾಲಾ ಚಾಂಗ್ಟೆ ಅವರ ಗೋಲಿನಿಂದ ಭಾರತ ಕತಾರ್ ವಿರುದ್ಧ ಮುಂದಿತ್ತು. ದ್ವಿತೀಯಾರ್ಧದಲ್ಲಿ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ತಡೆದ ಚೆಂಡು ಗೆರೆ ದಾಟಿ ಹೊರಹೋಗಿತ್ತು. ಕತಾರ್ ಆಟಗಾರ ಅದನ್ನು ಒಳಕ್ಕೆಳೆದು ಕೊಟ್ಟ, ಯೂಸೆಫ್ ಐಮೆನ್ ಗುರಿ ಸೇರಿಸಿದರು. ಭಾರತದ ಪ್ರತಿಭಟನೆಯ ನಡುವೆಯೂ ಗೋಲು ಉಳಿಯಿತು. ಅಲ್ಲಿಯೂ ವಿಎಆರ್ ಇರಲಿಲ್ಲ. ಭಾರತ 2-1ರಿಂದ ಸೋತು ಮುಂದಿನ ಸುತ್ತಿನ ಅವಕಾಶ ಕಳೆದುಕೊಂಡಿತು. ತನಿಖೆ ನಡೆಸುವಂತೆ ಫೆಡರೇಷನ್ ದೂರು ಸಲ್ಲಿಸಿತು, ಫಲಿತಾಂಶ ಬದಲಾಗಲಿಲ್ಲ.

ತಪ್ಪು ಬೇರೆ, ಮೋಸ ಬೇರೆ. ಕಣ್ತಪ್ಪಿಗೆ ತರಬೇತಿಯೂ ತಂತ್ರಜ್ಞಾನವೂ ಪರಿಹಾರವಾಗಬಲ್ಲವು. ಮೋಸಕ್ಕೆ ಬೇಕಾದದ್ದು ತನಿಖೆ ಮತ್ತು ಶಿಕ್ಷೆ. ಎಲ್ಲ ತಪ್ಪನ್ನೂ ಮೋಸವೆಂದು ಕೂಗಿದರೆ ನಿಜವಾದ ಮೋಸ ಆ ಗದ್ದಲದಲ್ಲಿ ಅಡಗಿಕೊಳ್ಳುತ್ತದೆ.

ಹಣ ಮಾತನಾಡಿದಾಗ

ನಿಜವಾದ ಮೋಸದ ಪ್ರಕರಣಗಳೂ ದಾಖಲಾಗಿವೆ. 2004ರ ಆಗಸ್ಟ್‌ನಲ್ಲಿ ಜರ್ಮನ್ ಕಪ್‌ನ ಪಂದ್ಯವೊಂದರಲ್ಲಿ ಹ್ಯಾಂಬರ್ಗ್ ತಂಡ 2-0ರಿಂದ ಮುಂದಿದ್ದರೂ ಕೆಳದರ್ಜೆಯ ಪಾಡರ್‌ಬಾರ್ನ್ ವಿರುದ್ಧ 4-2ರಿಂದ ಸೋತಿತು. ರೆಫರಿ ರಾಬರ್ಟ್ ಹೊಯ್ಜರ್ ಬೆಟ್ಟಿಂಗ್ ದಂಧೆಯವರಿಂದ ಹಣ ಪಡೆದಿದ್ದುದು ಮುಂದೆ ಬಯಲಾಯಿತು. 2005ರಲ್ಲಿ ನ್ಯಾಯಾಲಯ ಅವರಿಗೆ 2 ವರ್ಷ 5 ತಿಂಗಳ ಜೈಲು ಶಿಕ್ಷೆ ವಿಧಿಸಿತು. ಗಮನಾರ್ಹ ಸಂಗತಿಯೆಂದರೆ, ಸಂಶಯವನ್ನು ಮೊದಲು ಸಂಸ್ಥೆಯ ಗಮನಕ್ಕೆ ತಂದವರು ಅವರ ಸಹೋದ್ಯೋಗಿ ರೆಫರಿಗಳೇ.

ಇಟಲಿಯಲ್ಲಿ 2006ರಲ್ಲಿ ಹೊರಬಿದ್ದ ಹಗರಣದ ಸ್ವರೂಪ ಬೇರೆ. ಅಲ್ಲಿ ಚರ್ಚೆಗೆ ಬಂದದ್ದು ರೆಫರಿಗಳನ್ನು ಪಂದ್ಯಗಳಿಗೆ ನೇಮಿಸುವ ಅಧಿಕಾರಿಗಳೊಡನೆ ಕ್ಲಬ್ ಆಡಳಿತಗಾರರು ನಡೆಸುತ್ತಿದ್ದ ದೂರವಾಣಿ ಸಂಭಾಷಣೆಗಳು. ಯುವೆಂಟಸ್ ಎರಡು ಲೀಗ್ ಪ್ರಶಸ್ತಿಗಳನ್ನು ಕಳೆದುಕೊಂಡು ಎರಡನೇ ದರ್ಜೆಗೆ ಇಳಿಯಿತು. ಶಿಳ್ಳೆ ಊದುವವನನ್ನಷ್ಟೇ ಅಲ್ಲ, ಅವನನ್ನು ನೇಮಿಸುವ ಕೈಯನ್ನೂ ಕಾಯಬೇಕೆಂಬುದು ಆ ಪ್ರಕರಣದ ಪಾಠ.

2016ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ಮತ್ತು ಸೆನೆಗಲ್ ನಡುವಿನ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ, ಚೆಂಡು ಆಟಗಾರನ ಮೊಣಕಾಲಿಗೆ ತಗುಲಿದ್ದರೂ ಘಾನಾದ ರೆಫರಿ ಜೋಸೆಫ್ ಲ್ಯಾಂಪ್ಟಿ ಹ್ಯಾಂಡ್‌ಬಾಲ್ ಎಂದು ಪೆನಾಲ್ಟಿ ನೀಡಿದರು. ಫಿಫಾ ಅವರಿಗೆ ಜೀವಾವಧಿ ನಿಷೇಧ ಹೇರಿತು. ಕ್ರೀಡಾ ನ್ಯಾಯಮಂಡಳಿ ಅದನ್ನು ಎತ್ತಿಹಿಡಿಯಿತು. 2017ರಲ್ಲಿ ಪಂದ್ಯ ಮರಳಿ ನಡೆದು ಸೆನೆಗಲ್ 2-0ರಿಂದ ಗೆದ್ದಿತು. ಟರ್ಕಿಯಲ್ಲಿ 2025ರ ಅಕ್ಟೋಬರ್‌ನಲ್ಲಿ ಫೆಡರೇಷನ್ ತಾನೇ ಪ್ರಕಟಿಸಿದಂತೆ, 571 ರೆಫರಿಗಳ ಪೈಕಿ 371 ಮಂದಿ ಬೆಟ್ಟಿಂಗ್ ಖಾತೆ ಹೊಂದಿದ್ದರು. 152 ಮಂದಿ ಸಕ್ರಿಯವಾಗಿ ಬೆಟ್ಟಿಂಗ್ ನಡೆಸುತ್ತಿದ್ದರು.

ಬೆದರಿಕೆಯ ಒತ್ತಡ

ಆಮಿಷವಷ್ಟೇ ಅಲ್ಲ, ಭಯವೂ ಕೆಲಸ ಮಾಡುತ್ತದೆ. ಬಾರ್ಸಿಲೋನಾ ಮತ್ತು ಚೆಲ್ಸಿ ನಡುವಿನ ಪಂದ್ಯದ ನಂತರ ಕೊಲೆ ಬೆದರಿಕೆ ಎದುರಿಸಿದ ಸ್ವೀಡನ್ನಿನ ಆಂಡರ್ಸ್ ಫ್ರಿಸ್ಕ್ 2005ರಲ್ಲಿ ನಿವೃತ್ತಿ ಘೋಷಿಸಿದರು. 2023ರ ಡಿಸೆಂಬರ್ 11ರಂದು ಟರ್ಕಿಯಲ್ಲಿ ರೆಫರಿ ಹಲೀಲ್ ಉಮುತ್ ಮೆಲೆರ್ ಅವರಿಗೆ ಮೈದಾನದಲ್ಲೇ ಗುದ್ದಿದ್ದು ಕ್ಲಬ್ ಒಂದರ ಅಧ್ಯಕ್ಷ. ದೇಶದ ಲೀಗ್ ಪಂದ್ಯಗಳನ್ನೆಲ್ಲ ಕೆಲ ದಿನ ನಿಲ್ಲಿಸಬೇಕಾಯಿತು.

ಬೆದರಿಕೆಯಿಲ್ಲದ ಬರೀ ಗದ್ದಲವೂ ತೀರ್ಪನ್ನು ಬಾಗಿಸಬಲ್ಲದು. ಬ್ರಿಟನ್‌ನಲ್ಲಿ 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 40 ರೆಫರಿಗಳಿಗೆ ಒಂದೇ ಪಂದ್ಯದ ದೃಶ್ಯಗಳನ್ನು ತೋರಿಸಲಾಯಿತು. ಕೆಲವರಿಗೆ ಪ್ರೇಕ್ಷಕರ ಕೂಗಿನೊಂದಿಗೆ, ಉಳಿದವರಿಗೆ ಸದ್ದಿಲ್ಲದೆ. ಕೂಗು ಕೇಳಿದವರು ಆತಿಥೇಯ ತಂಡದ ವಿರುದ್ಧ ನೀಡಿದ ಫೌಲ್‌ಗಳು ಶೇ 15.5ರಷ್ಟು ಕಡಿಮೆ. ಸ್ಪೇನ್ ಲೀಗ್ ಕುರಿತ 2005ರ ಅಧ್ಯಯನದ ಪ್ರಕಾರ, ಆತಿಥೇಯ ತಂಡ ಒಂದು ಗೋಲಿನಿಂದ ಹಿಂದಿದ್ದರೆ ರೆಫರಿಗಳು ಕೊನೆಯಲ್ಲಿ ಹೆಚ್ಚು ಸಮಯ ಸೇರಿಸುತ್ತಿದ್ದರು, ಮುಂದಿದ್ದರೆ ಕಡಿಮೆ. ಕೋವಿಡ್ ಕಾಲದಲ್ಲಿ ಖಾಲಿ ಕ್ರೀಡಾಂಗಣಗಳಲ್ಲಿ ಪಂದ್ಯಗಳು ನಡೆದಾಗ, ಅತಿಥಿ ತಂಡಗಳಿಗೆ ಹೆಚ್ಚಾಗಿ ಬೀಳುತ್ತಿದ್ದ ಹಳದಿ ಕಾರ್ಡ್‌ಗಳ ಅಂತರ ತಗ್ಗಿದ್ದನ್ನು ಹಲವು ಅಧ್ಯಯನಗಳು ಗುರುತಿಸಿವೆ. ಈ ರೆಫರಿಗಳು ಲಂಚ ಪಡೆದವರಲ್ಲ. ಮನುಷ್ಯಸಹಜವಾಗಿ ಗದ್ದಲಕ್ಕೆ ಮಣಿದವರು.

ತಾಲ್ಲೂಕು ಮಟ್ಟದಲ್ಲಿ

ಇಂಡಿಯಿಂದ ಮುದ್ದೇಬಿಹಾಳದವರೆಗಿನ ಮೈದಾನಗಳಲ್ಲಿ ಕೋಟಿಗಳ ವ್ಯವಹಾರವಿಲ್ಲ. ಆದರೆ ಪಣಕ್ಕಿಟ್ಟದ್ದು ಸಣ್ಣದೇನಲ್ಲ. ಶಾಲಾ ಕ್ರೀಡಾಕೂಟಗಳು ಕೆಳಹಂತದಿಂದ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೇಲೇರುತ್ತವೆ. ವಿಜಯಪುರ ಜಿಲ್ಲೆ ಬೆಳಗಾವಿ ವಿಭಾಗಕ್ಕೆ ಸೇರಿದ್ದು. ತಾಲ್ಲೂಕಿನಲ್ಲಿ ಸೋತ ತಂಡಕ್ಕೆ ಆ ವರ್ಷ ಮುಂದಿನ ಬಾಗಿಲು ಮುಚ್ಚಿದಂತೆಯೇ. ಕ್ರೀಡಾ ವಸತಿ ನಿಲಯದ ಆಯ್ಕೆ, ವೃತ್ತಿಪರ ಕೋರ್ಸ್‌ಗಳ ಕ್ರೀಡಾ ಕೋಟಾ ಇವುಗಳತ್ತ ಕಣ್ಣಿಟ್ಟ ಹಳ್ಳಿಯ ಹುಡುಗ ಅಥವಾ ಹುಡುಗಿಗೆ ಒಂದು ತಪ್ಪು ಪೆನಾಲ್ಟಿ ದುಬಾರಿಯೇ ಸರಿ.

ಇಲ್ಲಿನ ಒತ್ತಡದ ಬಗೆಯೂ ಬೇರೆ. ಶಾಲಾ ಪಂದ್ಯಗಳಲ್ಲಿ ಶಿಳ್ಳೆ ಹಿಡಿಯುವವರು ಸಾಮಾನ್ಯವಾಗಿ ದೈಹಿಕ ಶಿಕ್ಷಕರು. ಒಬ್ಬರ ತಂಡದ ಪಂದ್ಯಕ್ಕೆ ಇನ್ನೊಬ್ಬರು ರೆಫರಿ; ಮಧ್ಯಾಹ್ನ ಆ ಇನ್ನೊಬ್ಬರ ತಂಡದ ಪಂದ್ಯಕ್ಕೆ ಮೊದಲಿನವರು ರೆಫರಿ. ಇಬ್ಬರೂ ಪರಿಚಿತರು, ಸ್ನೇಹಿತರು, ಕೆಲವೊಮ್ಮೆ ಬೀಗರು. ಗೆರೆಯ ಮೇಲೆ ಪಾಲಕರು, ವೇದಿಕೆಯ ಮೇಲೆ ಬಹುಮಾನದ ದಾನಿಗಳು. ಪ್ರಾಮಾಣಿಕರಾದರೂ ಇಂಥ ಇಕ್ಕಟ್ಟಿನಲ್ಲಿ ನೀಡಿದ ತೀರ್ಪಿಗೆ ಸಂಶಯ ಅಂಟುತ್ತದೆ.

ಪರಿಹಾರಕ್ಕೆ ದೊಡ್ಡ ಖರ್ಚು ಬೇಕಿಲ್ಲ:

* ನೆರೆಯ ತಾಲ್ಲೂಕುಗಳ ನಡುವೆ ರೆಫರಿಗಳ ವಿನಿಮಯ. ಇಂಡಿಯ ಪಂದ್ಯಕ್ಕೆ ಸಿಂದಗಿಯವರು, ಬಸವನಬಾಗೇವಾಡಿಗೆ ಮುದ್ದೇಬಿಹಾಳದವರು ಬಂದರೆ ಅರ್ಧ ಸಂಶಯ ಬಗೆಹರಿಯುತ್ತದೆ.
* ಯಾವ ಪಂದ್ಯಕ್ಕೆ ಯಾರು ಎಂಬುದನ್ನು ಅಂದೇ ಬೆಳಿಗ್ಗೆ ಎಲ್ಲರೆದುರು ಚೀಟಿ ಎತ್ತಿ ನಿರ್ಧರಿಸುವುದು.
* ತಮ್ಮ ಶಾಲೆ ಅಥವಾ ಬಂಧುಗಳು ಆಡುವ ಪಂದ್ಯದಿಂದ ರೆಫರಿ ಹಿಂದೆ ಸರಿಯುವುದು.
* ಭತ್ಯೆ, ಊಟ, ವಾಹನ ವ್ಯವಸ್ಥೆ ಸಂಘಟಕರಿಂದಲೇ; ತಂಡಗಳಿಂದ ಚಹಾ ಕೂಡ ಬೇಡ.
* ಮೈದಾನದ ಸುತ್ತ ಹಗ್ಗ ಕಟ್ಟಿ ಪ್ರೇಕ್ಷಕರನ್ನು ಗೆರೆಯಿಂದ ದೂರ ನಿಲ್ಲಿಸುವುದು.
* ನಾಯಕ ಮಾತ್ರ ರೆಫರಿಯೊಡನೆ ಮಾತನಾಡುವುದು. ಯೂರೊ 2024 ಟೂರ್ನಿಯಲ್ಲಿ ಈ ಕ್ರಮ ಜಾರಿಯಲ್ಲಿತ್ತು.
* ದೂರು ಲಿಖಿತವಾಗಿಯೇ ಇರಬೇಕು. ಪರಿಶೀಲಿಸುವವರು ಆ ಪಂದ್ಯಕ್ಕೆ ಸಂಬಂಧಿಸದವರಾಗಿರಬೇಕು.

ಯಂತ್ರದ ಮಿತಿ

ವಿಎಆರ್ ಬಂದರೆ ಎಲ್ಲವೂ ಸರಿಹೋದೀತೆಂಬ ನಂಬಿಕೆ ವ್ಯಾಪಕವಾಗಿದೆ. ದೋಹಾದಲ್ಲಿ ಅದು ಇದ್ದಿದ್ದರೆ ಚೆಂಡು ಹೊರಹೋದದ್ದನ್ನು ಹಿಡಿಯಬಹುದಿತ್ತು. ಆದರೆ ಫೌಲ್ ಎಷ್ಟು ಗಂಭೀರ, ಕೈ ಸಹಜ ಸ್ಥಿತಿಯಲ್ಲಿತ್ತೇ ಎಂಬ ಪ್ರಶ್ನೆಗಳಿಗೆ ಪರದೆಯ ಮುಂದೆಯೂ ಉತ್ತರಿಸಬೇಕಾದವರು ಮನುಷ್ಯರೇ. ಹತ್ತಾರು ಕ್ಯಾಮೆರಾಗಳ ಆ ವ್ಯವಸ್ಥೆ ತಾಲ್ಲೂಕು ಮೈದಾನಕ್ಕೆ ಸದ್ಯಕ್ಕೆ ಬರುವಂಥದ್ದೂ ಅಲ್ಲ. ಮೊಬೈಲ್‌ನಲ್ಲಿ ಚಿತ್ರೀಕರಿಸಿದ ತುಣುಕನ್ನು ರೆಫರಿಯ ಮುಖಕ್ಕೆ ಹಿಡಿಯುವುದು ವಿಎಆರ್ ಅಲ್ಲ. ನಿಯಮದಲ್ಲಿ ಅದಕ್ಕೆ ಸ್ಥಾನವಿಲ್ಲ.

ತಾಲ್ಲೂಕು ಮೈದಾನದಲ್ಲಿ ಉಳಿಯುವುದು ನೇಮಕದ ಪಾರದರ್ಶಕತೆ, ರೆಫರಿಯ ರಕ್ಷಣೆ ಮತ್ತು ಸೋತವರ ಸಂಯಮ. ಇವು ಮೂರೂ ಇಲ್ಲದ ಕಡೆ ಶಿಳ್ಳೆ ಹಿಡಿಯಲು ಒಪ್ಪುವವರೇ ಕಡಿಮೆಯಾಗುತ್ತಾರೆ. ರೆಫರಿಯಿಲ್ಲದೆ ಪಂದ್ಯವಿಲ್ಲ; ಪಂದ್ಯವಿಲ್ಲದೆ ಆ ಹಳ್ಳಿಯ ಮಗುವಿಗೆ ಮುಂದಿನ ಹಂತವೂ ಇಲ್ಲ.