ಹತ್ತು ವರ್ಷದ ಹುಡುಗ ಬರೆದ ಒಂದು ಷಿಲಿಂಗಿನ ವರದಿ

ಹೋದ ತಿಂಗಳು ಸುದ್ದಿ ಮಾಡಲೆಂದು ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿದ್ದೆವು. ಹೊಸದಾಗಿ ಯಾವ ಪುಸ್ತಕ ತರಿಸಬೇಕೆಂದು ಪಟ್ಟಿ ಮಾಡುತ್ತಿದ್ದರು. ಮೇಜಿನ ಸುತ್ತ ಐದಾರು ಹಿರಿಯರು ಕುಳಿತಿದ್ದರು. ಪಿಡಿಒ ಪರೀಕ್ಷೆಯ ಗೈಡು ಬೇಕು ಎಂದರು ಒಬ್ಬರು. ಸಾಮಾನ್ಯ ಜ್ಞಾನದ ಪುಸ್ತಕ ಹತ್ತು ಪ್ರತಿ ಬರೀರಿ ಎಂದರು ಇನ್ನೊಬ್ಬರು. ಗ್ರಂಥಪಾಲಕಿ ಮೆಲ್ಲಗೆ, "ಮಕ್ಕಳು ಕತೆ ಪುಸ್ತಕ ಕೇಳ್ತಾರೆ ಸರ್" ಅಂದರು. "ದೆವ್ವ ಭೂತದ ಕತೆ ಓದಿ ಏನ್ ಆಗ್ಬೇಕಾಗಿದೆ?" ಎಂಬ ಒಂದು ಮಾತಿಗೆ ಆ ವಿಷಯ ಅಲ್ಲಿಗೇ ಮುಗಿಯಿತು.

ಅದೇ ಹೊತ್ತಿಗೆ ಮೂಲೆಯಲ್ಲಿ ಇಬ್ಬರು ಹುಡುಗಿಯರು ರಟ್ಟು ಕಿತ್ತುಹೋದ ಪುಸ್ತಕವೊಂದನ್ನು ಹಿಡಿದು ನಿಂತಿದ್ದರು. "ಬೇತಾಳ ಬರ್ತದೆ ಕಣೆ ಇದ್ರಲ್ಲಿ. ರಾತ್ರಿ ಒಬ್ಳೇ ಓದ್ಬೇಡ. ಆದ್ರೆ ಓದ್ಲೇಬೇಕು!" ಎಂದು ಒಬ್ಬಳು ಇನ್ನೊಬ್ಬಳ ಕೈಗೆ ತುರುಕುತ್ತಿದ್ದಳು. ಮೇಜಿನ ಸುತ್ತ ಇದ್ದವರಲ್ಲಿ ಯಾರೂ ಆ ಕಡೆ ತಿರುಗಿ ನೋಡಲಿಲ್ಲ. ನಿಜ ಹೇಳಬೇಕೆಂದರೆ ಆವತ್ತು ನಾವೂ ಏನೂ ಮಾತಾಡಲಿಲ್ಲ. ಫೋಟೊ ತೆಗೆದುಕೊಂಡು, ಚಹಾ ಕುಡಿದು ಬಂದೆವು.

ಊರಿಗೆ ಬಂದ ಮೇಲೆ ನಮ್ಮನ್ನು ಕಾಡಿದ್ದು ಇಂಗ್ಲೆಂಡಿನ ಒಂದು ಹಳೆಯ ಕತೆ. ಅದನ್ನೇ ಇವತ್ತು ನಿಮಗೆ ಹೇಳಬೇಕು.

ಖಾಲಿ ಬಿಟ್ಟ ಹಾಳೆ

1930ರ ಆಸುಪಾಸು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜೆ.ಆರ್.ಆರ್. ಟೋಲ್ಕಿನ್ ಎಂಬ ಮೇಷ್ಟ್ರು ಹಳೆಯ ಇಂಗ್ಲಿಷ್ ಕಲಿಸುತ್ತಿದ್ದರು. ಸಂಸಾರ ದೊಡ್ಡದು, ನಾಲ್ಕು ಮಕ್ಕಳು. ನಾಲ್ಕು ಕಾಸು ಹೆಚ್ಚು ಸಿಗಲೆಂದು ಬೇಸಿಗೆ ರಜೆಯಲ್ಲಿ ಶಾಲಾ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದರು. ಯಾವನೋ ವಿದ್ಯಾರ್ಥಿ ಒಂದು ಪುಟ ಖಾಲಿ ಬಿಟ್ಟಿದ್ದ. ಮೇಷ್ಟ್ರಿಗೆ ಏನನ್ನಿಸಿತೋ, ನೆಲದೊಳಗೆ ಬಿಲದಲ್ಲಿ ಬದುಕುವ 'ಹಾಬಿಟ್' ಎಂಬ ಜೀವಿಯ ಬಗ್ಗೆ ಅಲ್ಲೇ ಒಂದು ವಾಕ್ಯ ಗೀಚಿದರು. ಹಾಬಿಟ್ ಅಂದರೆ ಯಾರು ಎಂದು ಆಗ ಅವರಿಗೂ ಗೊತ್ತಿರಲಿಲ್ಲ.

ಆ ಒಂದು ವಾಕ್ಯ ಬೆಳೆದು ಕತೆಯಾಯಿತು. ಮನೆಯಿಂದ ಹೊರಗೆ ಕಾಲಿಡಲು ಮನಸ್ಸಿಲ್ಲದ ಪುಟ್ಟ ಮನುಷ್ಯನಂಥ ಹಾಬಿಟ್, ಅವನನ್ನು ಹೊರಡಿಸುವ ಮಾಂತ್ರಿಕ, ಹದಿಮೂರು ಮಂದಿ ಕುಳ್ಳರು, ಬೆಟ್ಟದೊಳಗೆ ಬಂಗಾರದ ರಾಶಿಯ ಮೇಲೆ ಮಲಗಿದ ಬೆಂಕಿಯುಗುಳುವ ಡ್ರ್ಯಾಗನ್. ಮೇಷ್ಟ್ರು ಇದನ್ನು ತಮ್ಮ ಮಕ್ಕಳಿಗೆ ಹೇಳುತ್ತಿದ್ದರು. ಟೈಪ್ ಮಾಡಿದ ಪ್ರತಿ ಕೆಲವರ ಕೈ ದಾಟಿತು. ಕಡೆಗೆ ಸೂಸನ್ ಡ್ಯಾಗ್ನಲ್ ಎಂಬ ಮಹಿಳೆಯ ಮೂಲಕ ಲಂಡನ್ನಿನ ಅಲೆನ್ ಅಂಡ್ ಅನ್ವಿನ್ ಪ್ರಕಾಶನಕ್ಕೆ ತಲುಪಿತು. ಅದು 1936.

ಯಾರನ್ನು ಕೇಳೋಣ?

ಪ್ರಕಾಶನದ ಯಜಮಾನರು ಸ್ಟ್ಯಾನ್ಲಿ ಅನ್ವಿನ್. ಮಕ್ಕಳ ಪುಸ್ತಕ ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳಲು ಮಕ್ಕಳೇ ಸರಿ ಎಂಬುದು ಅವರ ನಂಬಿಕೆ. ಹಸ್ತಪ್ರತಿಯನ್ನು ಹತ್ತು ವರ್ಷದ ಮಗ ರೇನರ್ ಕೈಗೆ ಕೊಟ್ಟರು. ಓದಿ ವರದಿ ಬರೆದರೆ ಒಂದು ಷಿಲಿಂಗ್ ಕೂಲಿ. ಆಗಿನ ವಿನಿಮಯ ದರದಲ್ಲಿ ಒಂದು ಷಿಲಿಂಗ್ ಎಂದರೆ ನಮ್ಮ ಹತ್ತು ಹನ್ನೊಂದು ಆಣೆ.

ಸುದ್ದಿಗೆ ಇಷ್ಟು ಎಂದು ಕಾಸು ಪಡೆಯುವ ನಮ್ಮಂಥ ಸ್ಟ್ರಿಂಗರುಗಳಿಗೆ ಈ ಹುಡುಗನ ಮೇಲೆ ವಿಶೇಷ ಪ್ರೀತಿ. ಅವನ ವರದಿ ಚಿಕ್ಕದು. ಕತೆಯನ್ನು ನಾಲ್ಕೈದು ಸಾಲಿನಲ್ಲಿ ಹೇಳಿದ್ದಾನೆ. ಕಾಗುಣಿತ ತಪ್ಪಿದೆ. ನಕ್ಷೆ ಇರುವುದರಿಂದ ಬೇರೆ ಚಿತ್ರ ಬೇಕಿಲ್ಲ ಎಂದಿದ್ದಾನೆ. ಪುಸ್ತಕ ಚೆನ್ನಾಗಿದೆ, ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆಲ್ಲ ಹಿಡಿಸುತ್ತದೆ ಎಂದು ಮುಗಿಸಿದ್ದಾನೆ. ತನಗೆ ಹತ್ತು ತುಂಬಿತ್ತಲ್ಲ, ಹಾಗಾಗಿ ತನಗಿಂತ ಚಿಕ್ಕವರಿಗೆ ಎಂದು ದೊಡ್ಡಸ್ತಿಕೆ!

ಅಪ್ಪ ಆ ಮಾತನ್ನು ನಂಬಿದರು. 1937ರ ಸೆಪ್ಟೆಂಬರ್ 21ರಂದು 'ದಿ ಹಾಬಿಟ್' ಪ್ರಕಟವಾಯಿತು. ಮೊದಲ ಮುದ್ರಣದ 1500 ಪ್ರತಿಗಳು ಡಿಸೆಂಬರ್ ಹೊತ್ತಿಗೆ ಖಾಲಿ.

ಕತೆ ಅಲ್ಲಿಗೆ ನಿಲ್ಲಲಿಲ್ಲ. ಮುಂದಿನ ಭಾಗ ಕೊಡಿ ಎಂದು ಪ್ರಕಾಶಕರು ಕೇಳಿದರು. ಮೇಷ್ಟ್ರು ವರ್ಷಗಟ್ಟಲೆ ಬರೆದದ್ದು ಮೂರು ಸಂಪುಟದಷ್ಟು ದೊಡ್ಡದಾಯಿತು. ಅದೇ 'ದಿ ಲಾರ್ಡ್ ಆಫ್ ದಿ ರಿಂಗ್ಸ್'. ಅಷ್ಟರಲ್ಲಿ ಆ ಹುಡುಗ ರೇನರ್ ಬೆಳೆದು ಅಪ್ಪನ ಪ್ರಕಾಶನದಲ್ಲೇ ಕೆಲಸಕ್ಕೆ ಸೇರಿದ್ದ. ಇದನ್ನು ಅಚ್ಚು ಹಾಕಿದರೆ ಸಾವಿರ ಪೌಂಡ್ ಕಳೆದುಕೊಳ್ಳಬಹುದು, ಆದರೂ ಇದು ಅಸಾಧಾರಣ ಪುಸ್ತಕ ಎಂದು ಅಪ್ಪನಿಗೆ ಪತ್ರ ಬರೆದ. ನಿನಗೆ ಅಷ್ಟು ನಂಬಿಕೆ ಇದ್ದರೆ ಸಾವಿರ ಪೌಂಡ್ ಹೋದರೂ ಹೋಗಲಿ ಎಂಬರ್ಥದಲ್ಲಿ ಅಪ್ಪ ಉತ್ತರಿಸಿದರು. 1954 ಮತ್ತು 1955ರಲ್ಲಿ ಮೂರೂ ಸಂಪುಟ ಬಂದವು. 1965ರಲ್ಲಿ ಅಮೆರಿಕದಲ್ಲಿ ಅಗ್ಗದ ಪೇಪರ್‌ಬ್ಯಾಕ್ ಬಂದ ಮೇಲಂತೂ ಕಾಲೇಜು ಹುಡುಗರು ಹುಚ್ಚೆದ್ದು ಓದಿದರು. ಕತೆಯ ನಾಯಕ ಫ್ರೋಡೋನ ಹೆಸರು ಕೋಟಿನ ಬ್ಯಾಡ್ಜಿನ ಮೇಲೆ, ಗೋಡೆಗಳ ಮೇಲೆ ಕಾಣಿಸಿಕೊಂಡಿತು. ಸಾವಿರ ಪೌಂಡ್ ನಷ್ಟದ ಮಾತು ಮರೆತೇಹೋಯಿತು.

ಕುದುರೆ ಗಾಡಿಯಲ್ಲಿ ಪುಸ್ತಕ

ಹದಿಹರೆಯದವರಿಗೆ ಪುಸ್ತಕ ಹೇಗೆ ದಾಟಿಸಬೇಕೆಂದು ಜೀವಮಾನವಿಡೀ ತಲೆಕೆಡಿಸಿಕೊಂಡ ಒಬ್ಬ ಹೆಣ್ಣುಮಗಳು ಅಮೆರಿಕದಲ್ಲಿದ್ದರು. ಹೆಸರು ಮಾರ್ಗರೆಟ್ ಎಡ್ವರ್ಡ್ಸ್. 1932ರಲ್ಲಿ ಬಾಲ್ಟಿಮೋರ್ ನಗರದ ಈನಾಕ್ ಪ್ರ್ಯಾಟ್ ಸಾರ್ವಜನಿಕ ಗ್ರಂಥಾಲಯಕ್ಕೆ ಸೇರಿದರು. ಮಕ್ಕಳ ವಿಭಾಗ ಬೇರೆ, ದೊಡ್ಡವರ ವಿಭಾಗ ಬೇರೆ. ನಡುವಿನ ವಯಸ್ಸಿನವರು ಎಲ್ಲಿಗೆ ಹೋಗಬೇಕು ಎಂಬುದೇ ಅವರ ಪ್ರಶ್ನೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಅವರು ಕುದುರೆ ಗಾಡಿಗೆ ಪುಸ್ತಕ ತುಂಬಿಕೊಂಡು ಬಡವರ ಬೀದಿಗಳಿಗೆ ಹೋದರು. ಆ ಊರಿನಲ್ಲಿ ತರಕಾರಿ ಮಾರುವವರು ಬರುತ್ತಿದ್ದದ್ದೂ ಕುದುರೆ ಗಾಡಿಯಲ್ಲೇ. ಶಾಲೆಗಳಿಗೆ ಹೋಗಿ ಪುಸ್ತಕದ ಕತೆಯನ್ನು ಅರ್ಧ ಹೇಳಿ, ಕುತೂಹಲ ಕೆರಳಿಸಿ, ಮುಂದಿನದು ನೀವೇ ಓದಿ ಎಂದು ಬಿಟ್ಟುಬರುವ ಪದ್ಧತಿಯನ್ನು ಬೆಳೆಸಿದರು. ತಮ್ಮ ಕೈಕೆಳಗೆ ಸೇರಿದ ಗ್ರಂಥಪಾಲಕರಿಗೆ ಒಂದು ಕಟ್ಟುನಿಟ್ಟು ಹಾಕಿದ್ದರು. ಯುವಕರಿಗೆ ಪುಸ್ತಕ ತೋರಿಸುವ ಮೊದಲು ತಾವು ಪಟ್ಟಿಯಲ್ಲಿನ ಮುನ್ನೂರು ಪುಸ್ತಕ ಓದಿರಬೇಕು. ಓದದೆ ಇದ್ದವನು "ಓದು" ಎಂದರೆ ಮಕ್ಕಳು ನಂಬುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ದೊಡ್ಡವರಿಗೆ ಬೇಡವಾದದ್ದು

ಮಾಯಾಲೋಕದ ಕತೆಗಳಿಗೆ ದೊಡ್ಡವರು ಬಾಗಿಲು ಹಾಕಿದ ಉದಾಹರಣೆಗಳೂ ಕಡಿಮೆಯಿಲ್ಲ. ಮ್ಯಾಡಲಿನ್ ಲೆಂಗಲ್ ಎಂಬ ಅಮೆರಿಕದ ಲೇಖಕಿ 'ಎ ರಿಂಕಲ್ ಇನ್ ಟೈಮ್' ಬರೆದರು. ಕಾಣೆಯಾದ ಅಪ್ಪನನ್ನು ಹುಡುಕಿಕೊಂಡು ಹುಡುಗಿಯೊಬ್ಬಳು ಬೇರೆ ಗ್ರಹಗಳಿಗೆ ಹೋಗುವ ಕತೆ. ಇಪ್ಪತ್ತಕ್ಕೂ ಹೆಚ್ಚು ಪ್ರಕಾಶಕರು ಬೇಡ ಎಂದರು. ಇದು ಮಕ್ಕಳಿಗೋ ದೊಡ್ಡವರಿಗೋ ಎಂಬುದೇ ಅವರಿಗೆ ಬಗೆಹರಿಯಲಿಲ್ಲ. 1962ರಲ್ಲಿ ಅಂತೂ ಪ್ರಕಟವಾಯಿತು. ಮರುವರ್ಷವೇ ಅಮೆರಿಕದ ಮಕ್ಕಳ ಸಾಹಿತ್ಯದ ದೊಡ್ಡ ಗೌರವವಾದ ನ್ಯೂಬೆರಿ ಪದಕ ಅದಕ್ಕೆ ಬಂತು.

ಹ್ಯಾರಿ ಪಾಟರ್ ಹೆಸರು ನಿಮ್ಮ ಮನೆಯ ಮಕ್ಕಳಿಗೂ ಗೊತ್ತಿರುತ್ತದೆ, ಟಿವಿಯಲ್ಲಿ ಸಿನಿಮಾ ನೋಡಿರುತ್ತಾರೆ. ಜೆ.ಕೆ. ರೌಲಿಂಗ್ ಬರೆದ ಮೊದಲ ಪುಸ್ತಕವನ್ನು ಹನ್ನೆರಡು ಪ್ರಕಾಶಕರು ತಿರಸ್ಕರಿಸಿದ್ದರು. ಕೊನೆಗೆ ಲಂಡನ್ನಿನ ಬ್ಲೂಮ್ಸ್‌ಬರಿ ಪ್ರಕಾಶನಕ್ಕೆ ಬಂತು. ಅಲ್ಲಿನ ಮುಖ್ಯಸ್ಥ ನೈಜಲ್ ನ್ಯೂಟನ್ ಮೊದಲ ಭಾಗವನ್ನು ಮನೆಗೆ ಒಯ್ದು ಎಂಟು ವರ್ಷದ ಮಗಳು ಆಲಿಸ್ ಕೈಗೆ ಕೊಟ್ಟರು. ಅವಳು ಓದಿ, ಉಳಿದದ್ದೆಲ್ಲಿ ಎಂದು ಅಪ್ಪನ ಬೆನ್ನು ಬಿದ್ದಳು. ರೇನರ್ ವರದಿ ಬರೆದು ಆಗಲೇ ಅರವತ್ತು ವರ್ಷ ಆಗಿತ್ತು. ಅದೇ ಊರಿನಲ್ಲಿ, ಮತ್ತೊಬ್ಬ ಪ್ರಕಾಶಕರ ಮನೆಯಲ್ಲಿ, ಅದೇ ಕತೆ ಮರುಕಳಿಸಿತು.

ಆದರೂ ದೊಡ್ಡವರ ಅನುಮಾನ ಹೋಗಿರಲಿಲ್ಲ. 1997ರ ಜೂನ್ 26ರಂದು ಪುಸ್ತಕ ಬಂದಾಗ ಗಟ್ಟಿ ರಟ್ಟಿನ ಪ್ರತಿ ಅಚ್ಚಾದದ್ದು ಬರೀ 500. ಅದರಲ್ಲಿ 300 ಗ್ರಂಥಾಲಯಗಳಿಗೆ ಹೋದವು. ಅಂದರೆ ಈ ಪುಸ್ತಕವನ್ನು ಮೊದಮೊದಲು ಓದಿದ ಮಕ್ಕಳಲ್ಲಿ ಎಷ್ಟೋ ಮಂದಿ ಅದನ್ನು ಕೊಂಡವರಲ್ಲ, ಗ್ರಂಥಾಲಯದಿಂದ ಎರವಲು ತಂದವರು. ಅದೇ ವರ್ಷ ಅದಕ್ಕೆ ಸ್ಮಾರ್ಟೀಸ್ ಎಂಬ ಬಹುಮಾನ ಬಂತು. ಆ ಬಹುಮಾನದಲ್ಲಿ ಕೊನೆಯ ಮತ ಮಕ್ಕಳದ್ದು. ಮುಂದಿನ ಎರಡು ವರ್ಷವೂ ಮಕ್ಕಳು ಹ್ಯಾರಿಯನ್ನೇ ಗೆಲ್ಲಿಸಿದರು. 2000ನೇ ಇಸವಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಮಕ್ಕಳ ಪುಸ್ತಕಗಳಿಗೆಂದೇ ಬೇರೆ ಮಾರಾಟದ ಪಟ್ಟಿ ಶುರುಮಾಡಿತು. ದೊಡ್ಡವರ ಪಟ್ಟಿಯಲ್ಲಿ ಹ್ಯಾರಿಯೇ ಮೇಲೆ ಕುಳಿತು ಬೇರೆಯವರಿಗೆ ಜಾಗ ಇಲ್ಲದಂತಾಗಿತ್ತು.

ಇಷ್ಟಾದರೂ ಮಾಟ ಮಂತ್ರ ಕಲಿಸುತ್ತದೆ, ಇದನ್ನು ಗ್ರಂಥಾಲಯದಿಂದ ತೆಗೆಯಿರಿ ಎಂದು ಅಮೆರಿಕದಲ್ಲಿ ತಂದೆ ತಾಯಂದಿರು ದೂರು ಕೊಡುತ್ತಲೇ ಇದ್ದರು. "ದೆವ್ವ ಭೂತದ ಕತೆ ಓದಿ ಏನ್ ಆಗ್ಬೇಕಾಗಿದೆ" ಎಂಬ ಮಾತು ನಮ್ಮ ಪಂಚಾಯಿತಿಯದ್ದಷ್ಟೇ ಅಲ್ಲ ನೋಡಿ.

ನಮ್ಮ ಹೆಗಲ ಮೇಲಿನ ಬೇತಾಳ

ಇದೆಲ್ಲ ಇಂಗ್ಲಿಷಿನವರ ಕತೆ, ನಮಗೇನು ಎನ್ನಬಹುದು. ಹೆಗಲ ಮೇಲೆ ಬೇತಾಳವನ್ನು ಹೊತ್ತು ನಡೆದ ವಿಕ್ರಮನ ಕತೆ ಈ ನೆಲದ್ದೇ. ಹನ್ನೊಂದನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದ ಕಥಾಸರಿತ್ಸಾಗರದಲ್ಲೂ ಬೇತಾಳ ಇದ್ದಾನೆ. 1947ರಲ್ಲಿ ಮದ್ರಾಸಿನಲ್ಲಿ ಶುರುವಾದ ಚಂದಮಾಮ ಪತ್ರಿಕೆ ಕನ್ನಡದಲ್ಲೂ ಬಂದ ಮೇಲೆ ಆ ಬೇತಾಳ ನಮ್ಮ ಹಳ್ಳಿ ಹಳ್ಳಿಗೆ ಬಂದ. ಒಂದು ಪ್ರತಿ ಒಂದು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ನಮ್ಮ ಅಪ್ಪಂದಿರ ಕಾಲದವರನ್ನು ಕೇಳಿ ನೋಡಿ, ಬಸ್ ಸ್ಟ್ಯಾಂಡಿನ ಅಂಗಡಿಯಿಂದ ಯಾರು ತಂದರು, ಯಾರ ಕೈ ಸೇರಿ ಹಾಳೆ ಹರಿಯಿತು ಎಂಬುದನ್ನೂ ಹೇಳುತ್ತಾರೆ.

ಕುವೆಂಪು ಅವರ ಕಿಂದರಿಜೋಗಿಗೆ ಮೂಲ ಬ್ರೌನಿಂಗ್ ಎಂಬ ಇಂಗ್ಲಿಷ್ ಕವಿಯ ಪದ್ಯ. ಆದರೆ ಬೊಮ್ಮನಹಳ್ಳಿಗೆ ಬಂದ ಮೇಲೆ ಆ ಮಾಯಗಾರ ಪೂರ್ತಿ ನಮ್ಮವನೇ ಆದ. ಮಾಯೆಯ ಕತೆಗೆ ಗಡಿ ಇಲ್ಲ, ದಾಟಿಸುವವರು ಇರಬೇಕು ಅಷ್ಟೇ.

ಎಂಟನೇ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಏನು ಕೊಡೋಣ ಎಂದು ನಮ್ಮನ್ನು ಕೇಳಿದರೆ, ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಮೊದಲು ಕೊಡಿ ಎನ್ನುತ್ತೇವೆ. 1980ರ ಕಾದಂಬರಿ. ಅದರಲ್ಲಿ ಮಾಟ ಮಂತ್ರ ಇಲ್ಲ. ಆದರೆ ಮಲೆನಾಡಿನ ಕಾಡಿನಲ್ಲಿ ಹಾರುವ ಓತಿಯನ್ನು ಹುಡುಕಿ ಹೋಗುವ ಒಬ್ಬ ವಿಜ್ಞಾನಿ, ಓದಿನಲ್ಲಿ ಹಿಂದೆ ಬಿದ್ದರೂ ಕಾಡನ್ನು ಕಣ್ಣಲ್ಲೇ ಓದುವ ಮಂದಣ್ಣ, ಕಿವಿ ಎಂಬ ನಾಯಿ ಇದ್ದಾರೆ. ಡ್ರ್ಯಾಗನ್ ಹುಡುಕಿ ಹೋದ ಹಾಬಿಟ್‌ನ ಕತೆಯಷ್ಟೇ ಬೆರಗು ಇದರಲ್ಲಿದೆ. ನಾವು ಓದಿ ಹೇಳುತ್ತಿದ್ದೇವೆ, ನಂಬಿ.

ಮತ್ತೆ ಆ ಮೇಜಿಗೆ

2020ರ ನವೆಂಬರ್ 14ರಂದು ನಮ್ಮ ರಾಜ್ಯದಲ್ಲಿ 'ಓದುವ ಬೆಳಕು' ಶುರುವಾಯಿತು. ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತ. ಕಾರ್ಡು ಇದೆ, ಕಪಾಟು ಇದೆ. ಕಪಾಟಿನೊಳಗೆ ಏನಿರಬೇಕು ಎಂದು ಸದಸ್ಯರನ್ನೇ ಕೇಳಿದ್ದೇವಾ?

ಗೈಡು ಬೇಡ ಎಂದು ನಾವು ಹೇಳುತ್ತಿಲ್ಲ. ನಮ್ಮಲ್ಲೂ ಹಲವರು ಅದೇ ಗೈಡು ಓದಿ ಪರೀಕ್ಷೆ ಬರೆದವರೇ. ಆದರೆ ಹತ್ತು ಪ್ರತಿ ಗೈಡಿನ ಪಕ್ಕದಲ್ಲಿ ಮಕ್ಕಳು ಕೇಳಿದ ಎರಡು ಪುಸ್ತಕಕ್ಕೆ ಜಾಗ ಆಗದಷ್ಟು ನಮ್ಮ ಕಪಾಟುಗಳು ಚಿಕ್ಕವಲ್ಲ. ಪುಸ್ತಕ ಓದಿದ ಮಗುವಿಗೆ ಒಂದು ಹಾಳೆ, ಒಂದು ಪೆನ್ನು ಕೊಟ್ಟು ನಾಲ್ಕು ಸಾಲು ಬರೆಸಿ. ಕಾಗುಣಿತ ತಪ್ಪಿದರೆ ತಪ್ಪಲಿ. ಅದನ್ನು ಗ್ರಂಥಾಲಯದ ಗೋಡೆಗೆ ಅಂಟಿಸಿ.

ಮೊನ್ನೆ ಅದೇ ಗ್ರಂಥಾಲಯಕ್ಕೆ ಮತ್ತೆ ಹೋದೆವು. ರಟ್ಟು ಕಿತ್ತ ಆ ಪುಸ್ತಕ ಇನ್ನೂ ವಾಪಸ್ ಬಂದಿಲ್ಲ ಎಂದು ಗ್ರಂಥಪಾಲಕಿ ಹೇಳಿದರು. ಯಾರ ಹತ್ತಿರ ಇದೆ ಎಂದು ಕೇಳಿದೆವು. ಅವರು ರಿಜಿಸ್ಟರ್ ನೋಡಲಿಲ್ಲ. ನಗುತ್ತಾ, "ಈಗ ನಾಲ್ಕನೇ ಮನೇಲಿ ಇದೆಯಂತೆ ಸರ್" ಅಂದರು.